ಧನುಷ್ಕೋಡಿಯ ಧಕ್ಕೆ: ರೈಲುದಾರಿ ನೀರಿಗಿಳಿದ ಕಾಲ

ಕಾಸರಗೋಡು ಸೀಮೆಯವರಾದ ನಮಗೆ ಕಡವು ಎಂಬ ಮಾತನ್ನು ಯಾರೂ ವಿವರಿಸಬೇಕಾಗಿಲ್ಲ. ಚಂದ್ರಗಿರಿ, ಮೊಗ್ರಾಲು, ಶಿರಿಯಾ, ಉಪ್ಪಳ ಹೊಳೆಗಳನ್ನು ನಮ್ಮ ಹಿರಿಯರು ದೋಣಿಯಲ್ಲಿಯೇ ದಾಟುತ್ತಿದ್ದರು. ಮಲಬಾರಿನ ಕಡೆಯಿಂದ ಉತ್ತರಕ್ಕೆ ಬೆಳೆಯುತ್ತ ಬಂದ ರೈಲುದಾರಿ 1907ರಲ್ಲಿ ಮಂಗಳೂರನ್ನು ತಲುಪುವ ಹೊತ್ತಿಗೆ ಈ ಹೊಳೆಗಳ ಮೇಲೆಲ್ಲ ಸೇತುವೆಗಳಾಗಿದ್ದವು. ರೈಲಿನ ಮಟ್ಟಿಗೆ ನಮ್ಮಲ್ಲಿ ಕಡವಿನ ಕಾಲ ಆರಂಭವಾಗುವ ಮೊದಲೇ ಮುಗಿದಿತ್ತು. ಎಲ್ಲ ನೀರೂ ಹೀಗೆ ಸುಲಭವಾಗಿ ಸೇತುವೆಗೆ ಒಗ್ಗುವಂಥದಲ್ಲ. ಅಂಥ ನೀರಿನೆದುರು ರೈಲು ಕಂಪನಿಗಳು ತಾವೇ ಅಂಬಿಗರಾಗಬೇಕಾಯಿತು. ಹಡಗು ಕೊಳ್ಳಬೇಕಾಯಿತು, ಧಕ್ಕೆ ಕಟ್ಟಬೇಕಾಯಿತು, ಖಲಾಸಿಗಳಿಗೆ ಸಂಬಳ ಕೊಡಬೇಕಾಯಿತು. ಈಗ ಬಹುಮಟ್ಟಿಗೆ ಅಳಿದುಹೋಗಿರುವ ಆ ವ್ಯವಸ್ಥೆಯನ್ನು ಕುರಿತು, ಅದರಲ್ಲಿಯೂ ನಮ್ಮ ಊರಿನ ರೈಲನ್ನು ನಡೆಸುತ್ತಿದ್ದ ಕಂಪನಿಯೇ ನಡೆಸುತ್ತಿದ್ದ ಒಂದು ಕಡಲದಾರಿಯನ್ನು ಕುರಿತು, ಈ ಸಂಚಿಕೆಯ ಓದುಗರೊಡನೆ ಕೆಲವು ಸಂಗತಿಗಳನ್ನು ಹಂಚಿಕೊಳ್ಳಬಯಸುತ್ತೇವೆ.

ಈ ಬಗೆಯ ವ್ಯವಸ್ಥೆ ಅತ್ಯಂತ ದೊಡ್ಡ ಪ್ರಮಾಣದಲ್ಲಿ ಬೆಳೆದ ಸ್ಥಳಗಳಲ್ಲಿ ಅಮೆರಿಕದ ನ್ಯೂಯಾರ್ಕ್ ಬಂದರು ಮುಖ್ಯವಾದುದು. ಪಶ್ಚಿಮದಿಂದ ಬಂದ ರೈಲುದಾರಿಗಳಲ್ಲಿ ಬಹುಪಾಲು ಹಡ್ಸನ್ ನದಿಯ ನ್ಯೂಜೆರ್ಸಿ ದಡದಲ್ಲಿಯೇ ನಿಂತುಬಿಡುತ್ತಿದ್ದವು. ಪ್ರಯಾಣಿಕರನ್ನು ಕಂಪನಿಯ ಫೆರಿ ಹಡಗುಗಳು ಎದುರುದಡಕ್ಕೆ ಒಯ್ಯುತ್ತಿದ್ದವು. ಸರಕು ತುಂಬಿದ ವ್ಯಾಗನ್ನುಗಳನ್ನಾದರೋ ಹಳಿ ಹಾಸಿದ ಚಪ್ಪಟೆ ದೋಣಿಗಳ ಮೇಲೆ ಹಾಗೆಯೇ ಉರುಳಿಸಿ ನಿಲ್ಲಿಸಿ, ಟಗ್ ಎಂಬ ಗಿಡ್ಡನೆಯ ಬಲಶಾಲಿ ಹಡಗುಗಳಿಂದ ನೂಕಿಸುತ್ತಿದ್ದರು. ನದಿಯಡಿಯ ಸುರಂಗಗಳು, ರಸ್ತೆಯ ಲಾರಿಗಳು, 1956ರ ಅನಂತರ ಬಂದ ಕಂಟೇನರು, ಇವೆಲ್ಲ ಸೇರಿ ಆ ಲೋಕವನ್ನು ಮುಗಿಸಿದವು. 1961ರ ಜನವರಿಯಲ್ಲಿ ಟಗ್ಗುಗಳ ನೌಕರರು ತಮ್ಮ ಕೆಲಸ ಉಳಿಸಿಕೊಳ್ಳಲು ಮುಷ್ಕರ ಹೂಡಿದಾಗ ಕೆಲವೇ ನೂರು ಜನರ ಆ ಹೋರಾಟದಿಂದ ನಗರದ ಉಪನಗರ ರೈಲುಗಳೇ ನಿಂತುಹೋದುವು. 1967ರ ನವೆಂಬರಿನಲ್ಲಿ ಹಡ್ಸನ್ನಿನ ಕೊನೆಯ ರೈಲು ಫೆರಿಯೂ ನಿಂತಿತು.

ನಮ್ಮ ದೇಶದಲ್ಲಿ ಗಂಗೆ, ಬ್ರಹ್ಮಪುತ್ರೆಗಳ ದಡದಲ್ಲಿ ಇಂಥ ಘಾಟುಗಳಿದ್ದವು. ಗಂಗೆಯ ಮೊಕಾಮೆ ಘಾಟಿನಲ್ಲಿ ಒಂದು ಗೇಜಿನ ವ್ಯಾಗನ್ನಿನಿಂದ ಇನ್ನೊಂದು ಗೇಜಿನ ವ್ಯಾಗನ್ನಿಗೆ ಕಲ್ಲಿದ್ದಲನ್ನೂ ಧಾನ್ಯವನ್ನೂ ತಲೆಯ ಮೇಲಿನ ಬುಟ್ಟಿಗಳಲ್ಲಿ ಹೊತ್ತು ಸಾಗಿಸುತ್ತಿದ್ದರು. ಆ ಕೂಲಿಗಳ ಗುತ್ತಿಗೆದಾರನಾಗಿ ಸುಮಾರು ಎರಡು ದಶಕಗಳನ್ನು ಕಳೆದವನು, ನರಭಕ್ಷಕ ಹುಲಿಗಳ ಬೇಟೆಗಾರನೆಂದು ನಮ್ಮ ವಿದ್ಯಾರ್ಥಿಗಳು ಬಲ್ಲ ಜಿಮ್ ಕಾರ್ಬೆಟ್. ಮೊಕಾಮೆಗೆ 1959ರಲ್ಲಿ, ಗುವಾಹಟಿಯ ಸರಾಯ್‌ಘಾಟಿಗೆ 1962ರಲ್ಲಿ ಸೇತುವೆಗಳು ಬಂದವು, ಘಾಟುಗಳು ಬರಿದಾದವು. ಅಲ್ಲೆಲ್ಲ ಹಡಗನ್ನು ಸೇತುವೆಯೇ ಮುಗಿಸಿತು. ನಾವು ಹೇಳಹೊರಟಿರುವ ಧನುಷ್ಕೋಡಿಯ ಕಥೆ ಬೇರೆ. ಅಲ್ಲಿ ಸೇತುವೆ ಬರಲೇ ಇಲ್ಲ. ಮುಗಿಸಿದ್ದು ಕಡಲು, ಆಮೇಲೆ ಯುದ್ಧ.

1908ರ ಆರಂಭದಿಂದ ಮಂಗಳೂರಿನ ದಾರಿಯ ಆಡಳಿತ, ತಿರುಚ್ಚಿರಾಪಳ್ಳಿಯಲ್ಲಿ ಕೇಂದ್ರ ಕಛೇರಿಯಿದ್ದ ಸೌತ್ ಇಂಡಿಯನ್ ರೈಲ್ವೆ ಕಂಪನಿಗೆ ಸೇರಿತು. ಕಾಸರಗೋಡಿನ ನಿಲ್ದಾಣವೂ ಧನುಷ್ಕೋಡಿಯ ಧಕ್ಕೆಯೂ ಒಂದೇ ಕಂಪನಿಯ ಎರಡು ಅಂಚುಗಳು. ಗೇಜು ಬೇರೆ, ಯಜಮಾನ ಒಬ್ಬನೇ. ಆ ಕಂಪನಿಯ ಕಣ್ಣು ಬಹುಕಾಲದಿಂದ ಸಿಲೋನಿನ ಮೇಲಿತ್ತು. 1876ರಲ್ಲಿ ರೈಲು ತೂತುಕುಡಿಯನ್ನು ಮುಟ್ಟಿದ ಮೇಲೆ ಅಲ್ಲಿಂದ ಕೊಲಂಬೋಗೆ ಹಡಗಿನ ದಾರಿಯಿತ್ತು. ಆದರೆ ತೂತುಕುಡಿಯ ಕಡಲು ಆಳವಿಲ್ಲದ್ದು. ಹಡಗು ದಡದಿಂದ ಮೈಲಿಗಳಾಚೆ ಲಂಗರು ಹಾಕಬೇಕು, ಜನ ಸಣ್ಣ ದೋಣಿಗಳಲ್ಲಿ ಅಲ್ಲಿಯವರೆಗೆ ಹೋಗಬೇಕು, ಅನಂತರ ಇಡೀ ರಾತ್ರಿಯ ತೆರೆದ ಕಡಲು. ರಾಮೇಶ್ವರ ದ್ವೀಪದ ತುದಿಯಿಂದ ಸಿಲೋನಿನ ಮನ್ನಾರ್ ದ್ವೀಪಕ್ಕಾದರೆ ದೂರ ಮೂವತ್ತು ಕಿಲೋಮೀಟರಿನ ಆಸುಪಾಸು ಮಾತ್ರ. ರೈಲನ್ನು ಆ ತುದಿಗೆ ಒಯ್ಯಬೇಕಾದರೆ ಮೊದಲು ದ್ವೀಪಕ್ಕೊಂದು ಸೇತುವೆ ಬೇಕಾಗಿತ್ತು. ಅದೇ ಪಾಂಬನ್ ಸೇತುವೆ. ಎರಡು ಕಿಲೋಮೀಟರಿಗೂ ಮಿಕ್ಕಿ ಉದ್ದ; ನಡುವೆ ಹಡಗುಗಳಿಗೆ ದಾರಿಬಿಡಲು ಎರಡು ರೆಕ್ಕೆಗಳಂತೆ ಮೇಲಕ್ಕೇಳುವ ಭಾಗ. ಅದನ್ನು ಕೊನೆಯವರೆಗೂ ಮನುಷ್ಯರೇ ಕೈಯಿಂದ ತಿರುಗಿಸಿ ಎತ್ತುತ್ತಿದ್ದರು. 1914ರ ಫೆಬ್ರವರಿ 24ರಂದು ಅದು ಆರಂಭವಾಯಿತು. ಅದೇ ವರ್ಷ ಸಿಲೋನ್ ಸರ್ಕಾರದ ರೈಲುದಾರಿ ಎದುರಿನ ತಲೈಮನ್ನಾರನ್ನು ತಲುಪಿತು.

ಇಂದು ರಾಮೇಶ್ವರಕ್ಕೆ ಯಾತ್ರೆ ಹೋಗುವವರಿಗೆ ತಿಳಿಯದ ಒಂದು ಸಂಗತಿಯಿದೆ. ಆಗಿನ ಮುಖ್ಯ ದಾರಿ ಧನುಷ್ಕೋಡಿಯದು. ರಾಮೇಶ್ವರ ಕೇವಲ ಕವಲು. ಪಾಂಬನ್ನಿನಲ್ಲಿ ಹಳಿ ಇಬ್ಭಾಗವಾಗುತ್ತಿತ್ತು. ಮುಖ್ಯ ದಾರಿ ಕಿರಿದಾಗುತ್ತ ಸಾಗುವ ಮರಳಿನ ನಾಲಿಗೆಯ ಮೇಲೆ ಓಡುತ್ತಿತ್ತು. ಒಂದು ಬದಿಗೆ ಬಂಗಾಳ ಕೊಲ್ಲಿ, ಇನ್ನೊಂದು ಬದಿಗೆ ಮನ್ನಾರ್ ಕೊಲ್ಲಿ. ಅಲ್ಲಿನ ಮೀನುಗಾರರು ಮೊದಲನೆಯದನ್ನು ಹೆಣ್ಣುಕಡಲು, ಎರಡನೆಯದನ್ನು ಗಂಡುಕಡಲು ಎನ್ನುತ್ತಾರೆ. ಆ ನಾಲಿಗೆಯ ಮೇಲೆ ನಿಲ್ದಾಣ, ಸುಂಕದ ಕಟ್ಟೆ, ಅಂಚೆ ಕಛೇರಿ, ಶಾಲೆ, ಇಗರ್ಜಿ, ಗುಡಿ ಎಲ್ಲವೂ ಎದ್ದವು. ಮದರಾಸಿನ ಎಗ್ಮೋರಿನಲ್ಲಿ ಸಂಜೆ ‘ಬೋಟ್ ಮೇಲ್’ ಹತ್ತಿದವನು ವಿಲ್ಲುಪುರಂ, ತಂಜಾವೂರು, ತಿರುಚ್ಚಿ ದಾಟಿ ಮರುದಿನ ಈ ಧಕ್ಕೆಯಲ್ಲಿಳಿದು, ಎದುರಿಗೆ ನಿಂತ ಹಡಗು ಹತ್ತಿ, ತಲೈಮನ್ನಾರಿನಲ್ಲಿ ಮತ್ತೆ ರೈಲು ಹಿಡಿಯುತ್ತಿದ್ದ. ಎಗ್ಮೋರಿನಿಂದ ಕೊಲಂಬೋ ಕೋಟೆಯವರೆಗೆ ಒಂದೇ ಟಿಕೇಟು.

ವ್ಯಾಗನ್ನುಗಳನ್ನು ನ್ಯೂಯಾರ್ಕಿನಲ್ಲಿ ಮಾಡಿದಂತೆ ಹಡಗಿಗೇ ಏರಿಸಲಾಗುತ್ತಿರಲಿಲ್ಲವೆ ಎಂದು ಕೇಳಬಹುದು. ಏರಿಸಿಯೂ ಪ್ರಯೋಜನವಿರಲಿಲ್ಲ. ಈ ದಡದ ಹಳಿಗಳ ನಡುವಿನ ಅಂತರ ಒಂದು ಮೀಟರು, ಆ ದಡದಲ್ಲಿ ಐದೂವರೆ ಅಡಿ. ಆದುದರಿಂದ ಅಕ್ಕಿಯ ಮೂಟೆ, ಬಟ್ಟೆಯ ಗಂಟು, ಒಣಮೀನಿನ ಕಟ್ಟು, ಅಂಚೆಯ ಚೀಲ, ಎಲ್ಲವೂ ಒಂದು ದಡದಲ್ಲಿ ಒಮ್ಮೆ, ಇನ್ನೊಂದು ದಡದಲ್ಲಿ ಮತ್ತೊಮ್ಮೆ ಹಮಾಲಿಗಳ ಬೆನ್ನೇರಬೇಕಾಗಿತ್ತು. ಧನುಷ್ಕೋಡಿ ಎಂಬ ಊರು ಬದುಕಿದ್ದೇ ಈ ಇಳಿಸು-ಏರಿಸುವಿಕೆಯಿಂದ. ಕಂಪನಿಯ ಮೊದಲ ಹಡಗುಗಳಿಗೆ ಕರ್ಜನ್, ಎಲ್ಗಿನ್, ಹಾರ್ಡಿಂಜ್ ಎಂದು ಹೆಸರಿಟ್ಟಿದ್ದರು. ಮುಂದೆ ಬಂದವುಗಳಿಗೆ ಇರ್ವಿನ್, ಗೋಷೆನ್ ಎಂದು. ಮೊದಲ ನಾಲ್ವರು ವೈಸರಾಯರು, ಕೊನೆಯವನು ಮದರಾಸಿನ ಗವರ್ನರು.

ಆ ಹಡಗುಗಳ ಮುಖ್ಯ ಪ್ರಯಾಣಿಕರು ಯಾರು ಎಂಬುದೇ ನಮ್ಮ ದೃಷ್ಟಿಯಲ್ಲಿ ಈ ಚರಿತ್ರೆಯ ಮುಖ್ಯ ಪ್ರಶ್ನೆ. ಬೋಟ್ ಮೇಲ್ ಎಂದೊಡನೆ ಬಿಳಿಯ ದೊರೆಗಳು, ವರ್ತಕರು, ಊಟದ ಡಬ್ಬಿ ಎಂದು ಕೆಲವರು ನೆನಪು ಮಾಡಿಕೊಳ್ಳುವುದುಂಟು. ಅದು ಮೇಲಿನ ದರ್ಜೆಯ ನೆನಪು. ಈ ದಾರಿಯನ್ನು ತುಂಬಿದವರು ತಂಜಾವೂರು, ತಿರುಚ್ಚಿ, ಸೇಲಂ, ಮಧುರೆ, ರಾಮನಾಡು ಕಡೆಗಳ ಬಡ ಕೂಲಿಗಳು, ಅವರಲ್ಲಿ ಬಹುಮಂದಿ ದಲಿತರು. ಸಿಲೋನಿನ ಕಾಫಿ ತೋಟಗಳು 1869ರಿಂದ ಎಲೆರೋಗಕ್ಕೆ ಸಿಕ್ಕಿ ನಾಶವಾದ ಮೇಲೆ ಅಲ್ಲಿ ಚಹಾ ಬೆಳೆಯಿತು, ಚಹಾ ಎಲೆ ಕೀಳಲು ವರ್ಷವಿಡೀ ಕೈಗಳು ಬೇಕಾದವು. ಕಂಗಾಣಿ ಎಂಬ ಮೇಸ್ತ್ರಿ ಊರಿಗೆ ಬಂದು, ಮುಂಗಡ ಕೊಟ್ಟು, ತನ್ನ ಬಂಧುಗಳನ್ನೂ ನೆರೆಯವರನ್ನೂ ಕರೆದೊಯ್ಯುತ್ತಿದ್ದ. ಮುಂಗಡವೇ ಮುಂದೆ ತೀರದ ಸಾಲವಾಗುತ್ತಿತ್ತು. ಹಳೆಯ ಕಾಲದಲ್ಲಿ ಅವರು ದೋಣಿಯಿಳಿದು ಮನ್ನಾರಿನಿಂದ ಬೆಟ್ಟದ ಸೀಮೆಗೆ ಕಾಡಿನಲ್ಲಿ ನಡೆದೇ ಹೋಗಬೇಕಾಗಿತ್ತು. ದಾರಿಯಲ್ಲಿಯೇ ಕಾಲರಾದಿಂದ ಸತ್ತವರು ಅಸಂಖ್ಯ. ರೈಲೂ ಹಡಗೂ ಆ ನಡಿಗೆಯನ್ನು ತಪ್ಪಿಸಿದವೆಂಬುದನ್ನು ಒಪ್ಪಲೇಬೇಕು. ಅದರೊಡನೆ ಕೂಲಿಗಳ ಸಾಗಣೆಯನ್ನು ಎಣಿಕೆಗೆ ಸಿಗುವ ಸರಕಿನ ಸಾಗಣೆಯನ್ನಾಗಿ ಮಾಡಿದವೆಂಬುದೂ ನಿಜ.

ಹೊರಡುವ ಕೂಲಿಯ ಕೊರಳಿಗೆ ತಗಡಿನ ಒಂದು ಬಿಲ್ಲೆ ಕಟ್ಟುತ್ತಿದ್ದರು. ಅದರ ಮೇಲೆ ಜಿಲ್ಲೆಯನ್ನು ಸೂಚಿಸುವ ಅಕ್ಷರ, ತೋಟವನ್ನು ಸೂಚಿಸುವ ಅಂಕಿ. ಆ ತಗಡಿನ ಬಿಲ್ಲೆಯೇ ಅವನ ಟಿಕೇಟು; ಅದನ್ನು ತೋರಿಸಿದರೆ ರೈಲಿನ ದುಡ್ಡು ತೋಟದ ಲೆಕ್ಕಕ್ಕೆ ಹೋಗುತ್ತಿತ್ತು. ಓದುಬರಹವಿಲ್ಲದವನು ದಾರಿ ತಪ್ಪದೆ ತಲುಪಲೆಂದು ಮಾಡಿದ ಅನುಕೂಲವಿದೆಂದು ಅಂದಿನ ಅಧಿಕಾರಿಗಳು ಹೇಳಬಹುದಾಗಿತ್ತು. ಪಾರ್ಸೆಲಿಗೂ ಇದೇ ಅನುಕೂಲ ಮಾಡುತ್ತಾರೆ ಎಂದು ಹೇಳದೆ ಇರಲಾರೆವು. ಪಾಂಬನ್ ಸೇತುವೆಗಿಂತ ಈಚೆ, ಮಂಡಪಂ ಎಂಬಲ್ಲಿ ಸಿಲೋನ್ ಸರ್ಕಾರವು ಭಾರತದ ನೆಲದ ಮೇಲೆಯೇ ಒಂದು ದೊಡ್ಡ ಶಿಬಿರವನ್ನು ನಡೆಸುತ್ತಿತ್ತು. ಕಾಲರಾ, ಪ್ಲೇಗು ದ್ವೀಪಕ್ಕೆ ಬಾರದಿರಲೆಂದು ಕೂಲಿಗಳನ್ನು ಅಲ್ಲಿ ದಿನಗಟ್ಟಲೆ ತಡೆದು, ಪರೀಕ್ಷಿಸಿ, ಚುಚ್ಚುಮದ್ದು ಕೊಟ್ಟು ಮುಂದಕ್ಕೆ ಬಿಡುತ್ತಿದ್ದರು. 1939ರ ಆಗಸ್ಟಿನಲ್ಲಿ ಭಾರತ ಸರ್ಕಾರ ಅಕುಶಲ ಕೂಲಿಗಳ ವಲಸೆಯನ್ನು ನಿಷೇಧಿಸುವವರೆಗೂ ಇದು ಅವ್ಯಾಹತವಾಗಿ ನಡೆಯಿತು.

ಸ್ವಾತಂತ್ರ್ಯಾನಂತರ ಪ್ರವಾಹದ ದಿಕ್ಕು ಬದಲಾಯಿತು. 1948ರ ಸಿಲೋನ್ ಪೌರತ್ವ ಕಾಯ್ದೆಯಿಂದ, ಮೂರು ತಲೆಮಾರುಗಳಿಂದ ಅಲ್ಲಿದ್ದ ತೋಟದ ತಮಿಳರು ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದುರ್ ಶಾಸ್ತ್ರಿಯವರೂ ಸಿರಿಮಾವೊ ಬಂಡಾರನಾಯಕೆಯವರೂ ಒಪ್ಪಂದಕ್ಕೆ ಸಹಿಹಾಕಿದರು. ಸುಮಾರು ಒಂಬತ್ತು ಲಕ್ಷದ ಎಪ್ಪತ್ತೈದು ಸಾವಿರ ಜನರಲ್ಲಿ 5,25,000 ಮಂದಿಯನ್ನು ಭಾರತ ಸ್ವೀಕರಿಸುವುದು, 3,00,000 ಮಂದಿಗೆ ಸಿಲೋನ್ ಪೌರತ್ವ ಕೊಡುವುದು, ಉಳಿದವರ ವಿಷಯ ಆಮೇಲೆ ನೋಡುವುದು. ಹದಿನೈದು ವರ್ಷಗಳಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ಬರಬೇಕು. ಯಾವ ದಾರಿಯಿಂದ? ಅವರ ಅಜ್ಜಂದಿರು ಹೋದ ದಾರಿಯಿಂದಲೇ.

ಒಪ್ಪಂದವಾಗಿ ಎರಡು ತಿಂಗಳು ತುಂಬುವ ಮೊದಲೇ ಆ ಧಕ್ಕೆ ಇಲ್ಲವಾಯಿತು. ಡಿಸೆಂಬರ್ 22ರ ರಾತ್ರಿ ಬೀಸಿದ ಚಂಡಮಾರುತದಲ್ಲಿ ಕಡಲು ಆ ಮರಳಿನ ನಾಲಿಗೆಯ ಮೇಲೆ ಏರಿಬಂದಿತು. ನಡುರಾತ್ರಿಯ ಹೊತ್ತಿಗೆ ಪಾಂಬನ್ ಬಿಟ್ಟಿದ್ದ 653ನೆಯ ಸಂಖ್ಯೆಯ ಪ್ಯಾಸೆಂಜರ್ ರೈಲು ಧನುಷ್ಕೋಡಿಯ ಸಮೀಪದಲ್ಲಿ ಅಲೆಗೆ ಸಿಕ್ಕಿತು. ಅದರಲ್ಲಿದ್ದ ನೂರಕ್ಕೂ ಹೆಚ್ಚು ಜನರಲ್ಲಿ ಯಾರೂ ಉಳಿಯಲಿಲ್ಲ. ನಿಲ್ದಾಣ, ಸುಂಕದ ಕಟ್ಟೆ, ಧಕ್ಕೆ, ಬೀದಿಗಳು ಎಲ್ಲವೂ ಹೋದವು. ಊರು ಜನವಸತಿಗೆ ಯೋಗ್ಯವಲ್ಲವೆಂದು ಮದರಾಸು ಸರ್ಕಾರ ಸಾರಿತು. ಪಾಂಬನ್ ಸೇತುವೆಯ ಎತ್ತುವ ಭಾಗ ನಿಂತಿತಾದರೂ ಉಳಿದ ತೊಲೆಗಳಲ್ಲಿ ಬಹುಪಾಲು ಕಡಲಿಗೆ ಬಿದ್ದವು. ಅವನ್ನು ನೀರಿನಿಂದ ಎತ್ತಿಸಿ ಸೇತುವೆಯನ್ನು 46 ದಿನಗಳಲ್ಲಿ ಮತ್ತೆ ನಿಲ್ಲಿಸಿದವರು ಆಗ ಮೂವತ್ತೆರಡರ ಹರೆಯದ ಎಂಜಿನಿಯರ್ ಇ. ಶ್ರೀಧರನ್. ಮುಂದೆ ಕೊಂಕಣ ರೈಲ್ವೆಯ ನಿರ್ಮಾಣದ ನೇತೃತ್ವ ವಹಿಸಿದವರೂ ಅವರೇ. ನಮ್ಮ ಮಂಗಳೂರು ದಾರಿ 1998ರಲ್ಲಿ ಮುಂಬಯಿಯವರೆಗೆ ತೆರೆದುಕೊಂಡದ್ದು ಆ ರೈಲ್ವೆಯಿಂದ.

ಸೇತುವೆ ಎದ್ದಿತು, ಧನುಷ್ಕೋಡಿಯ ಹಳಿ ಏಳಲಿಲ್ಲ. ಕವಲಾಗಿದ್ದ ರಾಮೇಶ್ವರವೇ ಕೊನೆಯ ನಿಲ್ದಾಣವಾಯಿತು. ಮುಂದಿನ ವರ್ಷಗಳಲ್ಲಿ ರಾಮೇಶ್ವರಕ್ಕೂ ತಲೈಮನ್ನಾರಿಗೂ ನಡುವೆ ಓಡಾಡಿದ ‘ರಾಮಾನುಜಂ’ ಹಡಗಿನಲ್ಲಿ ಆ ಜನ ಬಂದಿಳಿದರು. ಹೆಚ್ಚಿನವರು ಈ ದೇಶವನ್ನು ಅದೇ ಮೊದಲ ಸಲ ಕಂಡವರು. ಆದರೂ ಸರ್ಕಾರದ ಕಾಗದಗಳಲ್ಲಿ ಅವರಿಗೆ ‘ಮರಳಿದವರು’ ಎಂದೇ ಹೆಸರು. ಅವರನ್ನು ಮೊದಲು ಇರಿಸಿದ್ದು ಅದೇ ಮಂಡಪಂ ಶಿಬಿರದಲ್ಲಿ. ಶ್ರೀಲಂಕೆಯ ಅಂತರ್ಯುದ್ಧ ಆರಂಭವಾದ ಮೇಲೆ, 1984ರ ಸುಮಾರಿಗೆ, ಈ ಹಡಗೂ ನಿಂತಿತು. ಮಂಡಪಂ ಶಿಬಿರ ನಿರಾಶ್ರಿತರಿಗಾಗಿ ಮುಂದುವರಿಯಿತು.

ಮಂಡಪಂನಿಂದ ಅವರನ್ನು ಹಂಚಿದ ಕಡೆಗಳಲ್ಲಿ ನೀಲಗಿರಿಯ ಚಹಾ ತೋಟಗಳು ಒಂದು. ಇನ್ನೊಂದು ನಮ್ಮ ಬೇಲಿಯಾಚೆಯದು: ಸುಳ್ಯ, ಪುತ್ತೂರು ತಾಲೂಕುಗಳಲ್ಲಿ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳು. ಅಡೂರು, ದೇಲಂಪಾಡಿಯ ಕಡೆಯವರಿಗೆ ಸುಳ್ಯ ಸಂತೆಯ ಊರು, ನೆಂಟರ ಊರು. ಅಲ್ಲಿ ನಸುಕಿನಲ್ಲಿ ರಬ್ಬರು ಹಾಲು ಇಳಿಸುವ ತಮಿಳು ಕುಟುಂಬಗಳನ್ನು ನಾವು ಬಹುಕಾಲ ಸುಮ್ಮನೆ ‘ಸಿಲೋನಿನವರು’ ಎಂದು ಕರೆದು ಮುಗಿಸಿದ್ದೇವೆ. ಅವರ ಮಕ್ಕಳೂ ಮೊಮ್ಮಕ್ಕಳೂ ಕನ್ನಡ ಶಾಲೆಗಳಲ್ಲಿ ಕಲಿತು, ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಒಂದು ನುಡಿ, ಪೇಟೆಯಲ್ಲಿ ತುಳು ಎಂದು ಬೆಳೆದರು. ಗಡಿ ಗೆರೆ ಸರಿದುದರಿಂದ 1956ರ ಅನಂತರ ಇನ್ನೊಂದು ರಾಜ್ಯದಲ್ಲಿ ಕನ್ನಡ ಶಾಲೆ ಉಳಿಸಿಕೊಂಡು ಬಂದ ನಮಗೆ ಈ ಬಗೆಯ ಬೆಳೆಯುವಿಕೆ ಅಪರಿಚಿತವೇನಲ್ಲ. ಆದರೆ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ನಮ್ಮನ್ನು ಯಾರೂ ಹಡಗು ಹತ್ತಿಸಲಿಲ್ಲ; ನಮ್ಮ ಮನೆ, ತೋಟ, ದೇವಸ್ಥಾನ ಇದ್ದಲ್ಲಿಯೇ ಇದ್ದವು.

ತಲೈಮನ್ನಾರಿನ ದಾರಿ 1990ರಲ್ಲಿ ಯುದ್ಧದಲ್ಲಿ ಹಾಳಾಗಿತ್ತು. ಭಾರತದ ನೆರವಿನಿಂದ ಅದನ್ನು ಮತ್ತೆ ಹಾಸಿ 2015ರ ಮಾರ್ಚಿನಲ್ಲಿ ಧಕ್ಕೆಯವರೆಗೂ ರೈಲು ಬಿಟ್ಟರು. ಈ ಬದಿಯಲ್ಲಿ ಧನುಷ್ಕೋಡಿಗೆ ಹೊಸ ಹಳಿ ಹಾಸಲು 2019ರಲ್ಲಿ ಶಂಕುಸ್ಥಾಪನೆಯಾಯಿತು. ಹಳೆಯ ಪಾಂಬನ್ ಸೇತುವೆಯ ಮೇಲೆ 2022ರ ಡಿಸೆಂಬರಿನಲ್ಲಿ ರೈಲು ನಿಂತು, 2025ರ ಏಪ್ರಿಲಿನಲ್ಲಿ ಪಕ್ಕದ ಹೊಸ ಸೇತುವೆ ತೆರೆಯಿತು. ಧನುಷ್ಕೋಡಿಗೆ ಈಗ ಒಳ್ಳೆಯ ರಸ್ತೆಯಿದೆ. ಇಗರ್ಜಿಯ ಮುರಿದ ಗೋಡೆಗಳೆದುರು ಪ್ರವಾಸಿಗಳು ಚಿತ್ರ ತೆಗೆಸಿಕೊಳ್ಳುತ್ತಾರೆ, ಶಂಖದ ಸರ ಕೊಳ್ಳುತ್ತಾರೆ. ನಮ್ಮ ಶಾಲೆಯ ಮಕ್ಕಳು ಮುಂದೆಂದಾದರೂ ಅಲ್ಲಿಗೆ ಪ್ರವಾಸ ಹೋದರೆ, ಪಾಂಬನ್ನಿಗಿಂತ ಮೊದಲು ಬರುವ ‘ಮಂಡಪಂ ಕ್ಯಾಂಪ್’ ಎಂಬ ನಿಲ್ದಾಣದ ಹಲಗೆಯನ್ನೂ ಅಧ್ಯಾಪಕರು ತೋರಿಸಬೇಕೆಂದು ನಮ್ಮ ಕೋರಿಕೆ. ಸಿಲೋನಿಗೆ ಹೋದವನ ಕೊರಳಲ್ಲಿ ಅಲ್ಲಿ ತಗಡಿನ ಬಿಲ್ಲೆಯಿತ್ತು. ಅಲ್ಲಿಂದ ಬಂದ ಮೊಮ್ಮಗನ ಕೈಯಲ್ಲಿ ಕ್ಯಾಂಡಿಯ ಭಾರತೀಯ ದೂತ ಕಛೇರಿ ಕೊಟ್ಟ, ಮನೆಮಂದಿಯ ಹೆಸರುಗಳಿದ್ದ ‘ಫ್ಯಾಮಿಲಿ ಕಾರ್ಡ್’ ಇತ್ತು. ಸುಳ್ಯದ ರಬ್ಬರು ತೋಟಗಳ ಲೈನು ಮನೆಗಳಿಗೆ ಬಂದವರೂ ಅಂಥ ಕಾರ್ಡುಗಳನ್ನು ಹಿಡಿದೇ ಬಂದರು.