ಏಳು ವಿದ್ಯಾರ್ಥಿಗಳು ಕಟ್ಟಿದ ಭ್ರಾತೃಸಂಘ

ಮಗನನ್ನು ದೂರದ ಕಾಲೇಜಿಗೆ ಕಳುಹಿಸಿಕೊಡುವ ತಂದೆತಾಯಿಗಳ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ಪಾಠಪ್ರವಚನಗಳನ್ನು ಕುರಿತದ್ದಲ್ಲ. ಅವನು ಎಲ್ಲಿ ಉಣ್ಣುವನು, ಯಾರ ಜೊತೆ ಇರುವನು, ಕಾಯಿಲೆ ಬಿದ್ದರೆ ನೋಡಿಕೊಳ್ಳುವವರಾರು ಎಂಬುದೇ ಆ ಪ್ರಶ್ನೆ. ಕಾಸರಗೋಡಿನ ಕನ್ನಡ ಮನೆಗಳಿಂದ ಮಂಗಳೂರಿಗೆ ಓದಲು ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದೇ ಪ್ರಶ್ನೆಯನ್ನು ನಮಗಿಂತ ಎಷ್ಟೋ ಪಾಲು ಕಠಿಣವಾದ ರೂಪದಲ್ಲಿ ಎದುರಿಸಿದ ಕೆಲವು ತರುಣರ ವೃತ್ತಾಂತವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಅವರು ಅಮೆರಿಕ ಸಂಯುಕ್ತ ಸಂಸ್ಥಾನದ ಕಪ್ಪು ಜನಾಂಗಕ್ಕೆ ಸೇರಿದವರು. ಅವರು ಕಟ್ಟಿದ ಸಂಸ್ಥೆಯ ಹೆಸರು ಆಲ್ಫಾ ಫೈ ಆಲ್ಫಾ.

ಈ ಹೆಸರು ನಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸುವುದು ಸಹಜ. ಅಮೆರಿಕದ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಭ್ರಾತೃಸಂಘಗಳನ್ನು ಕಟ್ಟಿಕೊಂಡು ಅವಕ್ಕೆ ಗ್ರೀಕ್ ಅಕ್ಷರಗಳ ಹೆಸರಿಡುವ ಪದ್ಧತಿ ಹಳೆಯದು. ೧೭೭೬ನೆಯ ಇಸವಿಯಲ್ಲಿ, ಆ ದೇಶ ಸ್ವಾತಂತ್ರ್ಯವನ್ನು ಘೋಷಿಸಿದ ವರ್ಷವೇ, ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಫೈ ಬೀಟಾ ಕಪ್ಪಾ ಎಂಬ ಸಂಘ ಹುಟ್ಟಿತು. ಅದರ ಮಾದರಿಯಲ್ಲಿ ಮುಂದೆ ನೂರಾರು ಸಂಘಗಳು ಬೆಳೆದವು. ಒಂದು ಮನೆ, ಒಂದು ಪಂಕ್ತಿ, ಗುಟ್ಟಿನ ದೀಕ್ಷಾವಿಧಿ, ಬಾಳಿನುದ್ದಕ್ಕೂ ಬಿಡದ ಬಾಂಧವ್ಯ - ಇವು ಅವುಗಳ ಲಕ್ಷಣಗಳು. ಕೆಲವು ವಿದ್ವತ್ತಿಗೆ ಮೀಸಲಾದವು, ಹಲವು ವಿನೋದಕ್ಕೆ. ಬಿಳಿಯರ ಈ ಸಂಘಗಳ ಬಾಗಿಲು ಕಪ್ಪು ವಿದ್ಯಾರ್ಥಿಗೆ ತೆರೆದಿರಲಿಲ್ಲ. ಊಟ ಬಡಿಸುವ ಪರಿಚಾರಕನಾಗಿ ಮಾತ್ರ ಅವನು ಒಳಗೆ ಹೋಗಬಹುದಾಗಿತ್ತು.

ನ್ಯೂಯಾರ್ಕ್ ಸಂಸ್ಥಾನದ ಇಥಾಕಾ ಎಂಬ ಪಟ್ಟಣದಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯವಿದೆ. ಯಾವ ಮನುಷ್ಯನಾದರೂ ಯಾವ ವಿಷಯವನ್ನಾದರೂ ಕಲಿಯಬಹುದಾದ ವಿದ್ಯಾಲಯವನ್ನು ಸ್ಥಾಪಿಸುವುದು ಎಜ್ರಾ ಕಾರ್ನೆಲ್ ಎಂಬ ಅದರ ಸಂಸ್ಥಾಪಕರ ಸಂಕಲ್ಪವಾಗಿತ್ತು. ಆದಕಾರಣ ಕಪ್ಪು ವಿದ್ಯಾರ್ಥಿಗಳಿಗೂ ಅಲ್ಲಿ ಪ್ರವೇಶವಿತ್ತು. ಆದರೆ ಪ್ರವೇಶ ದೊರೆಯುವುದು ಬೇರೆ, ನೆಲೆ ದೊರೆಯುವುದು ಬೇರೆ. ೧೯೦೪-೦೫ರಲ್ಲಿ ಅಲ್ಲಿ ಓದುತ್ತಿದ್ದ ಆರು ಮಂದಿ ಕಪ್ಪು ವಿದ್ಯಾರ್ಥಿಗಳು ಮುಂದಿನ ವರ್ಷ ಹಿಂದಿರುಗಿ ಬರಲೇ ಇಲ್ಲ. ಯಾರೂ ಅವರನ್ನು ಹೊರಗೆ ಹಾಕಿರಲಿಲ್ಲ. ಒಟ್ಟಿಗೆ ಕುಳಿತು ಓದುವವರಿಲ್ಲದೆ, ಹಳೆಯ ಪ್ರಶ್ನಪತ್ರಿಕೆಯನ್ನೋ ಟಿಪ್ಪಣಿಯನ್ನೋ ಕೊಡುವ ಹಿರಿಯರಿಲ್ಲದೆ, ಊರಿನಲ್ಲಿ ತಮ್ಮ ಜನಾಂಗದವರ ಮನೆಗಳಲ್ಲಿ ಚದುರಿ ವಾಸಿಸುತ್ತ ಬಾಳುವ ಒಂಟಿತನ ಎಂಥದೆಂಬುದನ್ನು ಊಹಿಸಿಕೊಳ್ಳಬಹುದು.

ಆ ಆರು ಖಾಲಿ ಸ್ಥಾನಗಳೇ ಮುಂದಿನವರನ್ನು ಎಚ್ಚರಿಸಿದವು. ೧೯೦೫-೦೬ರಲ್ಲಿ ಉಳಿದ ವಿದ್ಯಾರ್ಥಿಗಳು ಒಂದು ಸಾಹಿತ್ಯ ಮಂಡಲಿಯನ್ನು ಕೂಡಿಸಿ, ಓದಿನಲ್ಲಿ ಒಬ್ಬರಿಗೊಬ್ಬರು ನೆರವಾಗತೊಡಗಿದರು. ಇದರ ಮುಂದಾಳು ಸಿ. ಸಿ. ಪಾಯಿಂಡೆಕ್ಸ್ಟರ್ ಎಂಬ ವ್ಯವಸಾಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ. ವರ್ಷ ಕಳೆಯುವುದರೊಳಗೆ ಮಂಡಲಿಯಲ್ಲಿ ಭಿನ್ನಾಭಿಪ್ರಾಯ ತಲೆದೋರಿತು. ಇಷ್ಟು ಸಾಲದು, ಬಿಳಿಯರಿಗಿರುವಂತಹ ಭ್ರಾತೃಸಂಘವೇ ಬೇಕೆಂದು ಕೆಲವರು ಹಟ ಹಿಡಿದರು. ಪಾಯಿಂಡೆಕ್ಸ್ಟರ್ ಅವರು ಒಪ್ಪಲಿಲ್ಲ. ಅಂತಹ ಸಂಘಗಳ ಹಿಂದೆ ತಲೆಮಾರುಗಳ ಸಂಪ್ರದಾಯವಿದೆ. ನಿನ್ನೆ ಮೊನ್ನೆ ದಾಸ್ಯದಿಂದ ಬಿಡುಗಡೆಯಾದ ನಮಗೆ ಅದೆಲ್ಲಿಂದ ಬರಬೇಕು - ಇದು ಅವರ ವಾದದ ತಿರುಳು. ಇತಿಹಾಸದಲ್ಲಿ ಸೋತವರ ಮಾತನ್ನು ನಾವು ಬೇಗ ಮರೆತುಬಿಡುತ್ತೇವೆ. ಈ ಸಂಶಯವನ್ನು ಮಾತ್ರ ಹಾಗೆ ತಳ್ಳಿಹಾಕಲಾಗದು. ಬೇರೆಯವರ ವೇಷವನ್ನು ತೊಟ್ಟ ಮಾತ್ರಕ್ಕೆ ನಮ್ಮ ಕೊರತೆ ನೀಗುವುದೇ ಎಂಬ ಪ್ರಶ್ನೆ ಅದರೊಳಗೆ ಅಡಗಿತ್ತು.

೧೯೦೬ನೆಯ ಡಿಸೆಂಬರ್ ೪ರಂದು ಭ್ರಾತೃಸಂಘದ ಪಕ್ಷವೇ ಗೆದ್ದಿತು. ಪಾಯಿಂಡೆಕ್ಸ್ಟರ್ ಅವರು ದೂರ ಸರಿದರು. ಜಾರ್ಜ್ ಕೆಲ್ಲಿ ಮೊದಲನೆಯ ಅಧ್ಯಕ್ಷರಾದರು. ಹೆನ್ರಿ ಕ್ಯಾಲಿಸ್, ಚಾರ್ಲ್ಸ್ ಚಾಪ್‌ಮನ್, ಯೂಜೀನ್ ಕಿಂಕಲ್ ಜೋನ್ಸ್, ನೆಥೇನಿಯಲ್ ಮರ್ರೆ, ರಾಬರ್ಟ್ ಓಗಲ್, ವರ್ಟ್ನರ್ ಟ್ಯಾಂಡಿ - ಕೆಲ್ಲಿಯವರೂ ಸೇರಿ ಈ ಏಳು ಮಂದಿಯನ್ನು ಸಂಘದವರು ಸಪ್ತರತ್ನಗಳೆಂದು ಇಂದಿಗೂ ಕರೆಯುತ್ತಾರೆ. ಜೋನ್ಸ್ ಅವರ ತಂದೆ ಹುಟ್ಟಿದ್ದು ಗುಲಾಮನಾಗಿ. ಮುಂದೆ ಓದಿ ರಿಚ್ಮಂಡ್ ನಗರದಲ್ಲಿ ಪ್ರಾಧ್ಯಾಪಕರಾದರು. ಸಂಪ್ರದಾಯವೆಲ್ಲಿಂದ ಬರಬೇಕೆಂಬ ಪ್ರಶ್ನೆಗೆ ಈ ಒಂದು ಮನೆತನವೇ ಒಂದು ಬಗೆಯ ಉತ್ತರವಾಗಿತ್ತೆನ್ನಬೇಕು. ವಿದ್ಯೆ, ಸತ್ಕಾರ್ಯ, ಸಕಲ ಮಾನವರಲ್ಲಿ ಪ್ರೇಮ ಎಂಬ ಮೂರು ಧ್ಯೇಯಗಳನ್ನು ಸಂಘ ಅಂಗೀಕರಿಸಿತು.

ಸ್ಥಾಪಕರು ಮುಂದೆ ಏನಾದರೆಂಬುದನ್ನು ಚುಟುಕಾಗಿ ಹೇಳಿಬಿಡಬಹುದು. ಟ್ಯಾಂಡಿ ಹೆಸರಾಂತ ವಾಸ್ತುಶಿಲ್ಪಿಯಾದರು. ಕೆಲ್ಲಿ ಇಂಜಿನಿಯರಾದರು. ಚಾಪ್‌ಮನ್ ಮತ್ತು ಮರ್ರೆ ಅಧ್ಯಾಪಕವೃತ್ತಿಯನ್ನು ಹಿಡಿದರು. ಜೋನ್ಸ್ ಅವರು ನಗರಗಳಿಗೆ ವಲಸೆ ಬಂದ ಕಪ್ಪು ಕಾರ್ಮಿಕರ ಹಿತಕ್ಕಾಗಿ ದುಡಿದ ನ್ಯಾಷನಲ್ ಅರ್ಬನ್ ಲೀಗ್ ಸಂಸ್ಥೆಯ ಕಾರ್ಯದರ್ಶಿಯಾಗಿ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಸೇವೆ ಸಲ್ಲಿಸಿದರು. ೧೯೦೭ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾನಿಲಯದಲ್ಲಿ ಎರಡನೆಯ ಶಾಖೆ ಹುಟ್ಟಿತು, ಅದೇ ತಿಂಗಳು ರಿಚ್ಮಂಡಿನಲ್ಲಿ ಮೂರನೆಯದು. ಮಾರನೆಯ ವರ್ಷವೇ ಮಹಾಧಿವೇಶನ ಸೇರುವಷ್ಟು ಸಂಘ ಬೆಳೆಯಿತು.

ಹೀಗೆ ತಮ್ಮ ಕಷ್ಟಕ್ಕಾಗಿ ಕಟ್ಟಿಕೊಂಡ ಸಂಘವನ್ನು ಅವರು ಪರರ ಕಷ್ಟದ ಕಡೆಗೆ ತಿರುಗಿಸಿದ್ದು ೧೯೨೦ರ ದಶಕದ ಪ್ರಾರಂಭದಲ್ಲಿ. ಅಂದು ದಕ್ಷಿಣದ ಸಂಸ್ಥಾನಗಳಲ್ಲಿ ಕಪ್ಪು ಮಕ್ಕಳಿಗೆ ಪ್ರೌಢಶಾಲೆಗಳೇ ವಿರಳವಾಗಿದ್ದವು. ಪ್ರೌಢಶಾಲೆಗೆ ಹೋಗಿ, ಕಾಲೇಜಿಗೆ ಹೋಗಿ ಎಂಬ ಹೆಸರಿನ ಪ್ರಚಾರವನ್ನು ಸಂಘ ಕೈಗೊಂಡಿತು. ಪದವೀಧರರಾದ ಸದಸ್ಯರು ಚರ್ಚುಗಳಲ್ಲಿಯೂ ಶಾಲೆಗಳಲ್ಲಿಯೂ ಮಾತನಾಡಿ, ಮಕ್ಕಳನ್ನು ಶಾಲೆ ಬಿಡಿಸಬೇಡಿರೆಂದು ಜನರನ್ನು ಕೇಳಿಕೊಂಡರು. ೧೯೩೦ರ ದಶಕದಲ್ಲಿ ಇದಕ್ಕೆ ಮತದಾನದ ಪ್ರಚಾರವೂ ಕೂಡಿಕೊಂಡಿತು. ಮತಗಟ್ಟೆಗೆ ಹೋಗಲು ತೆರಿಗೆ, ಅಕ್ಷರ ಪರೀಕ್ಷೆ ಮೊದಲಾದ ಅಡ್ಡಿಗಳು ದಕ್ಷಿಣದಲ್ಲಿ ಇನ್ನೂ ಬಹುಕಾಲ ಉಳಿದವು. ೧೯೬೫ರ ಮತದಾನ ಹಕ್ಕಿನ ಕಾಯಿದೆಯಿಂದ ಮಾತ್ರ ಅವು ಸಡಿಲವಾದವು.

ಕೇವಲ ಉಪದೇಶದಿಂದ ಎಲ್ಲ ಬಾಗಿಲುಗಳೂ ತೆರೆಯುವುದಿಲ್ಲ. ಓದಿ ಮೇಲೆ ಬಂದವನನ್ನೇ ಮೇಲಿನ ಬಾಗಿಲಿನಲ್ಲಿ ತಡೆದರೆ? ಡೊನಾಲ್ಡ್ ಮರ್ರೆ ಎಂಬ ಪದವೀಧರ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ಕಾನೂನು ಶಾಲೆಗೆ ಸೇರಲು ಅರ್ಜಿ ಹಾಕಿದಾಗ, ಜನಾಂಗದ ಕಾರಣದಿಂದಲೇ ಅದು ತಿರಸ್ಕೃತವಾಯಿತು. ಸಂಘ ಅವನ ಬೆಂಬಲಕ್ಕೆ ನಿಂತಿತು. ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಅವರೊಡನೆ ವಾದಿಸಿದ ತರುಣ ವಕೀಲರು ಥರ್ಗುಡ್ ಮಾರ್ಷಲ್, ಈ ಸಂಘದ ಸದಸ್ಯರೇ. ಆ ಶಾಲೆ ಕಪ್ಪು ಜನರನ್ನು ಸೇರಿಸಿಕೊಳ್ಳುತ್ತಿರಲಿಲ್ಲವಾದ್ದರಿಂದ ಮಾರ್ಷಲ್ ಅವರೇ ಹಿಂದೆ ಬೇರೆಡೆಗೆ ಹೋಗಿ ಓದಬೇಕಾಗಿ ಬಂದಿತ್ತು. ೧೯೩೬ರ ಜನವರಿಯಲ್ಲಿ ಮೇರಿಲ್ಯಾಂಡಿನ ಉನ್ನತ ನ್ಯಾಯಾಲಯ ಮರ್ರೆಯ ಪ್ರವೇಶವನ್ನು ಎತ್ತಿಹಿಡಿಯಿತು. ೧೯೬೭ರಲ್ಲಿ ಮಾರ್ಷಲ್ ಅವರು ಸರ್ವೋಚ್ಚ ನ್ಯಾಯಾಲಯದ ಮೊದಲನೆಯ ಕಪ್ಪು ನ್ಯಾಯಮೂರ್ತಿಗಳಾದರು.

ಇದಕ್ಕಿಂತ ಸ್ವಾರಸ್ಯವಾದದ್ದು ರೈಲು ಗಾಡಿಯ ಮೊಕದ್ದಮೆ. ೧೯೪೨ರ ಮೇ ೧೭ರಂದು ಎಲ್ಮರ್ ಹೆಂಡರ್‌ಸನ್ ಎಂಬ ಸರ್ಕಾರಿ ಅಧಿಕಾರಿ ವಾಷಿಂಗ್ಟನ್ನಿನಿಂದ ದಕ್ಷಿಣಕ್ಕೆ, ಸದರನ್ ರೈಲ್ವೆಯಲ್ಲಿ, ಮೇಲ್ತರಗತಿಯ ಚೀಟಿ ಪಡೆದು ಪ್ರಯಾಣ ಮಾಡುತ್ತಿದ್ದರು. ಸಂಜೆ ಸುಮಾರು ಐದೂವರೆಗೆ ಊಟಕ್ಕೆ ಕರೆ ಬಂದಿತು. ಭೋಜನದ ಡಬ್ಬಿಯಲ್ಲಿ ಅಡಿಗೆಮನೆಗೆ ಹತ್ತಿರದ ಕೊನೆಯ ಎರಡು ಮೇಜುಗಳು ಕಪ್ಪು ಪ್ರಯಾಣಿಕರಿಗೆಂದು ಇದ್ದವು. ಅವರು ಕುಳಿತಾಗ ನಡುವೆ ಪರದೆ ಎಳೆಯುವರು. ಬಿಳಿಯರು ಹೆಚ್ಚಾದರೆ ಆ ಮೇಜುಗಳೂ ಅವರಿಗೇ. ಹೆಂಡರ್‌ಸನ್ ಹೋದಾಗ ಅಲ್ಲಿ ಬಿಳಿಯರು ಕುಳಿತಿದ್ದರು. ಒಂದು ಕುರ್ಚಿಯಾದರೂ ಬರಿದಾಗಿದ್ದಿತು. ಆದರೂ ಅವರನ್ನು ಕೂರಿಸಲಿಲ್ಲ. ನಿಮ್ಮ ಸ್ಥಳಕ್ಕೇ ಊಟ ತಂದುಕೊಡುವೆವು, ಹೆಚ್ಚಿನ ದರವಿಲ್ಲ ಎಂದರು. ಅವರು ಒಪ್ಪದೆ, ಮೇಜಿನಲ್ಲಿ ಸ್ಥಳವಾದಾಗ ತಿಳಿಸಿರೆಂದು ಹೇಳಿ ಹಿಂದಿರುಗಿದರು. ಯಾರೂ ತಿಳಿಸಲಿಲ್ಲ. ಮತ್ತೆ ಎರಡು ಸಲ ಹೋಗಿ ನೋಡಿದರು. ರಾತ್ರಿ ಒಂಬತ್ತಕ್ಕೆ ಗ್ರೀನ್ಸ್‌ಬರೋ ನಿಲ್ದಾಣದಲ್ಲಿ ಭೋಜನದ ಡಬ್ಬಿಯನ್ನೇ ಕಳಚಿದರು.

ಹೊಟ್ಟೆಯ ಹಸಿವಿನ ಮಾತೇ ಆಗಿದ್ದರೆ ಅವರು ತಮ್ಮ ಸ್ಥಳದಲ್ಲಿಯೇ ಉಣ್ಣಬಹುದಾಗಿತ್ತು. ಹೋಟೆಲಿನ ಹೊರಜಗಲಿಯಲ್ಲಿ ಬೇರೆ ಲೋಟದಲ್ಲಿ ಕಾಫಿ ಕೊಟ್ಟ ಕಾಲ ನಮ್ಮ ನಾಡಿನಲ್ಲಿಯೂ ಇತ್ತೆಂಬುದನ್ನು ನೆನೆದರೆ ಈ ನಿರಾಕರಣೆಯ ಅರ್ಥ ನಮಗೆ ಬೇಗ ಹೊಳೆಯುತ್ತದೆ. ಹೆಂಡರ್‌ಸನ್ ದೂರು ಕೊಟ್ಟರು. ಮೊಕದ್ದಮೆ ಎಂಟು ವರ್ಷ ನಡೆಯಿತು. ಆಲ್ಫಾ ಫೈ ಆಲ್ಫಾ ಅದರ ಹಿಂದೆ ನಿಂತಿತು. ನಡುವೆ ರೈಲ್ವೆಯವರು ನಿಯಮವನ್ನು ತಿದ್ದಿ, ಬಿಳಿಯರಿಗೆ ಹತ್ತು ಮೇಜು, ಕಪ್ಪು ಜನರಿಗೆ ನಾಲ್ಕು ಕುರ್ಚಿಯ ಒಂದು ಮೇಜು ಎಂದು ಗೊತ್ತುಮಾಡಿದರು. ಪರದೆ ಹಾಗೆಯೇ ಉಳಿಯಿತು. ಸರ್ವೋಚ್ಚ ನ್ಯಾಯಾಲಯದಲ್ಲಿ ವಾದಿಸಿದವರು ಆಗ ಸಂಘದ ಅಧ್ಯಕ್ಷರಾಗಿದ್ದ ಬೆಲ್ಫರ್ಡ್ ಲಾಸನ್. ಪ್ರತಿವಾದಿ ಸ್ವತಃ ಅಮೆರಿಕ ಸರ್ಕಾರ. ಆದರೆ ಸರ್ಕಾರದ ಪರವಾಗಿ ಬಂದ ನ್ಯಾಯವಾದಿಗಳೇ ಹೆಂಡರ್‌ಸನ್ನರ ಪಕ್ಷವನ್ನು ಹಿಡಿದದ್ದು ಒಂದು ಸೋಜಿಗ. ೧೯೫೦ನೆಯ ಜೂನ್ ೫ರಂದು ತೀರ್ಪು ಬಂದಿತು. ಸಂವಿಧಾನದ ದೊಡ್ಡ ಪ್ರಶ್ನೆಯನ್ನು ಮುಟ್ಟದೆ, ರೈಲ್ವೆ ಸಾರಿಗೆಯ ಹಳೆಯ ಕಾಯಿದೆಯ ಆಧಾರದ ಮೇಲೆಯೇ ನ್ಯಾಯಾಲಯ ಆ ಏರ್ಪಾಡನ್ನು ರದ್ದುಮಾಡಿತು. ಪರದೆ ಕಳಚಿತು. ಶಾಲೆಗಳ ಬಗೆಗಿನ ಪ್ರಸಿದ್ಧ ತೀರ್ಪಿಗೆ ಇನ್ನೂ ನಾಲ್ಕು ವರ್ಷ ಕಾಯಬೇಕಾಗಿತ್ತು.

ಎರಡು ವರ್ಷಗಳ ತರುವಾಯ, ೧೯೫೨ರಲ್ಲಿ, ಬಾಸ್ಟನ್ನಿನಲ್ಲಿ ಡಾಕ್ಟರೇಟಿಗಾಗಿ ಓದುತ್ತಿದ್ದ ಒಬ್ಬ ತರುಣ ಈ ಸಂಘವನ್ನು ಸೇರಿದನು. ಅವರೇ ಮಾರ್ಟಿನ್ ಲೂಥರ್ ಕಿಂಗ್. ಅವರಿಗೂ ನಮ್ಮ ಕಡೆಗೂ ಒಂದು ಎಳೆಯುಂಟು. ಅವರು ಓದಿದ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರೂ ಗುರುಸ್ಥಾನದಲ್ಲಿದ್ದವರೂ ಆದ ಬೆಂಜಮಿನ್ ಮೇಸ್ ಇಂತಹುದೇ ಮತ್ತೊಂದು ಭ್ರಾತೃಸಂಘಕ್ಕೆ ಸೇರಿದವರು; ೧೯೩೭ರಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ಜಾಗತಿಕ ಸಮ್ಮೇಳನಕ್ಕೆಂದು ಮೈಸೂರಿಗೆ ಬಂದಿದ್ದರು, ಅದಕ್ಕೆ ಮುನ್ನ ಗಾಂಧೀಜಿಯವರನ್ನು ಕಂಡಿದ್ದರು. ಕಿಂಗ್ ಅವರು ೧೯೫೯ರಲ್ಲಿ ಕೇರಳಕ್ಕೆ ಬಂದಾಗ, ತಿರುವನಂತಪುರದ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ತಮ್ಮನ್ನು ಅಮೆರಿಕದ ಅಸ್ಪೃಶ್ಯನೆಂದು ಮಕ್ಕಳಿಗೆ ಪರಿಚಯಿಸಿದರೆಂದೂ, ಮೊದಲು ಬೆಚ್ಚಿ ಆಮೇಲೆ ಅದು ನಿಜವೆಂದು ಒಪ್ಪಿಕೊಂಡೆನೆಂದೂ ೧೯೬೫ರ ಒಂದು ಪ್ರವಚನದಲ್ಲಿ ಹೇಳಿಕೊಂಡಿದ್ದಾರೆ.

ಇಷ್ಟೆಲ್ಲ ಹೇಳಿ ದೋಷಗಳನ್ನು ಮುಚ್ಚಿಡುವುದು ಇತಿಹಾಸಕಾರನಿಗೆ ತರವಲ್ಲ. ವಿದ್ಯಾವಂತರ ಇಂತಹ ಸಂಘಗಳು ಮೆರವಣಿಗೆ ಔತಣಗಳಲ್ಲಿ ಮುಳುಗಿ ಬಡವರಿಂದ ದೂರವಾಗುತ್ತಿವೆ ಎಂದು ಸಮಾಜಶಾಸ್ತ್ರಜ್ಞ ಫ್ರಾಂಕ್ಲಿನ್ ಫ್ರೇಜಿಯರ್ ೧೯೫೦ರ ದಶಕದಲ್ಲಿಯೇ ಕಟುವಾಗಿ ಟೀಕಿಸಿದ್ದರು. ದೀಕ್ಷೆಯ ಹೆಸರಿನಲ್ಲಿ ಹೊಸಬರನ್ನು ಹಿಂಸಿಸುವ ಕೆಟ್ಟ ರೂಢಿಯೂ ಒಳಹೊಕ್ಕಿತು. ೧೯೮೯ರಲ್ಲಿ ಈ ಸಂಘವನ್ನು ಸೇರಲು ಹೊರಟಿದ್ದ ಒಬ್ಬ ವಿದ್ಯಾರ್ಥಿ ಪ್ರಾಣವನ್ನೇ ಕಳೆದುಕೊಂಡನು. ಮಾರನೆಯ ವರ್ಷ ಕಪ್ಪು ವಿದ್ಯಾರ್ಥಿಗಳ ಭ್ರಾತೃಸಂಘಗಳೆಲ್ಲ ಕೂಡಿ ಹಳೆಯ ದೀಕ್ಷಾಕ್ರಮವನ್ನು ನಿಲ್ಲಿಸಿದವು. ಕಾಗದದ ಮೇಲೆ ನಿಂತದ್ದು ಎಲ್ಲೆಡೆಯೂ ನಿಲ್ಲಲಿಲ್ಲವೆಂಬುದನ್ನು ವಿಷಾದದಿಂದಲೇ ಹೇಳಬೇಕಾಗಿದೆ. ಒಂಟಿಯಾಗಿದ್ದವರಿಗೆ ಆಸರೆಯಾಗಲು ಹುಟ್ಟಿದ ಮನೆಯ ಹೊಸ್ತಿಲಲ್ಲಿಯೇ ಹೀಗಾದುದು ಸಣ್ಣ ಕಳಂಕವಲ್ಲ.

ವಾಷಿಂಗ್ಟನ್ನಿನಲ್ಲಿ ಕಿಂಗ್ ಅವರಿಗೆ ರಾಷ್ಟ್ರೀಯ ಸ್ಮಾರಕವಾಗಬೇಕೆಂಬ ಯೋಜನೆಯನ್ನು ೧೯೮೪ರಲ್ಲಿ ಕೈಗೆತ್ತಿಕೊಂಡದ್ದು ಈ ಸಂಘವೇ. ಅನುಮತಿ ದೊರೆಯಲು ಹನ್ನೆರಡು ವರ್ಷ ಹಿಡಿಯಿತು, ಹಣ ಕೂಡಿಸಲು ಮತ್ತಷ್ಟು ವರ್ಷಗಳು. ಸುಮಾರು ಹನ್ನೆರಡು ಕೋಟಿ ಡಾಲರು ವೆಚ್ಚದ ಆ ಸ್ಮಾರಕವನ್ನು ೨೦೧೧ನೆಯ ಅಕ್ಟೋಬರ್ ೧೬ರಂದು ಅಧ್ಯಕ್ಷ ಬರಾಕ್ ಒಬಾಮ ಅವರು ಲೋಕಾರ್ಪಣೆ ಮಾಡಿದರು. ಇಥಾಕಾದ ಏಳು ಮಂದಿಯಲ್ಲಿ ಯಾರೂ ಅದನ್ನು ನೋಡಲು ಉಳಿದಿರಲಿಲ್ಲ. ಅವರಲ್ಲಿ ಕಟ್ಟಕಡೆಯವರಾದ ಹೆನ್ರಿ ಕ್ಯಾಲಿಸ್, ವೈದ್ಯರಾಗಿಯೂ ಹೋವರ್ಡಿನಲ್ಲಿ ವೈದ್ಯಶಾಸ್ತ್ರದ ಅಧ್ಯಾಪಕರಾಗಿಯೂ ಬಾಳಿ, ೧೯೭೪ರಲ್ಲಿ ಅದೇ ವಾಷಿಂಗ್ಟನ್ನಿನಲ್ಲಿ ತೀರಿಕೊಂಡರು.