ಸಾಂಬ್ರಾ ವಿಮಾನ ನಿಲ್ದಾಣ ನಡೆದು ಬಂದ ದಾರಿ

ನಮ್ಮ ಶಾಲೆಗೆ ಈಗ ಐವತ್ತು ತುಂಬಿದೆ. ಸಾಂಬ್ರಾದ ರನ್‌ವೇಗೆ ಎಂಬತ್ತು ದಾಟಿತು. ಬೆಳಗಾವಿಯ ಕೋಟೆ, ಕಮಲ ಬಸದಿ, 1924ರ ಕಾಂಗ್ರೆಸ್ ಅಧಿವೇಶನ ಇವುಗಳ ಬಗ್ಗೆ ಬರೆಯಬಲ್ಲ ಗುರುಗಳು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಊರಿನಿಂದ ಹತ್ತು ಹನ್ನೊಂದು ಕಿಲೋಮೀಟರ್ ದೂರದಲ್ಲಿ, ಬಾಗಲಕೋಟೆ ರಸ್ತೆಯ ಬದಿಗೆ ಇರುವ ಈ ವಿಮಾನ ನಿಲ್ದಾಣದ ಕಥೆ ಮಾತ್ರ ಯಾರ ಪಾಲಿಗೂ ಬಂದಂತಿಲ್ಲ. ಆದ್ದರಿಂದ ಈ ಸ್ಮರಣ ಸಂಚಿಕೆಗೆ ಅದನ್ನೇ ಆರಿಸಿಕೊಂಡೆ.

ಈ ನಿಲ್ದಾಣವನ್ನು ಪ್ರಯಾಣಿಕರಿಗಾಗಿ ಕಟ್ಟಿದ್ದಲ್ಲ. ಅದು 1942ನೆಯ ಇಸವಿ. ಫೆಬ್ರವರಿಯಲ್ಲಿ ಸಿಂಗಪುರ, ಮಾರ್ಚಿಯಲ್ಲಿ ರಂಗೂನ್ ಜಪಾನೀಯರ ಕೈಸೇರಿದ್ದವು. ಏಪ್ರಿಲ್‌ನಲ್ಲಿ ಕೊಲಂಬೊ, ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಬಿದ್ದವು. ಬ್ರಿಟಿಷ್ ಸರಕಾರ ಗಾಬರಿಯಾಗಿ ದೇಶದ ತುಂಬ ವಾಯುನೆಲೆಗಳನ್ನು ಕಟ್ಟತೊಡಗಿತು. ಆ ಅವಸರದಲ್ಲಿ ರಾಯಲ್ ಏರ್‌ಫೋರ್ಸ್ ಕಟ್ಟಿದ ನೆಲೆಗಳಲ್ಲಿ ಸಾಂಬ್ರಾದ್ದೂ ಒಂದು. ಯುದ್ಧ ಮುಗಿಯುವವರೆಗೆ ಅದು ತರಬೇತಿಯ ತಾಣವಾಗಿತ್ತು, ಆಗ್ನೇಯ ಏಷ್ಯಾ ಕಮಾಂಡಿಗೆ ಬೆಂಬಲ ನೀಡುತ್ತಿತ್ತು. ಅದೇ 1942ರ ಆಗಸ್ಟ್‌ನಲ್ಲಿ ಚಲೇಜಾವ್ ಚಳವಳಿ ಶುರುವಾಗಿ, ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ತಂತಿ ಕಡಿಯುವ, ಟಪಾಲು ಸುಡುವ ಕೆಲಸ ನಡೆದಿತ್ತು. ಒಂದೇ ವರ್ಷ, ಒಂದೇ ಸೀಮೆ. ಒಂದು ಕಡೆ ಸರಕಾರ ರನ್‌ವೇ ಹಾಸುತ್ತಿತ್ತು, ಇನ್ನೊಂದು ಕಡೆ ಜನ ಅದೇ ಸರಕಾರವನ್ನು ಹೊರಗಟ್ಟಲು ನಿಂತಿದ್ದರು. ಪಠ್ಯಪುಸ್ತಕಗಳು ಇವೆರಡನ್ನೂ ಒಂದೇ ಪುಟದಲ್ಲಿ ಹೇಳುವುದಿಲ್ಲ.

ಸಾಂಬ್ರಾದ ನೆಲದ ಗುಣ ತಿಳಿಯಲು ಬೆಳಗಾವಿಯ ನಕ್ಷೆ ನೋಡಿದರೆ ಸಾಕು. ಪಶ್ಚಿಮಕ್ಕೆ ಖಾನಾಪುರದ ಕಡೆ ಹೋದಂತೆ ಕಾಡು, ಗುಡ್ಡ, ಕಣಕುಂಬಿಯ ಜಡಿಮಳೆ. ಪೂರ್ವಕ್ಕೆ ಹೊರಳಿ ಮುತಗಾ ದಾಟಿದರೆ ಸಾಂಬ್ರಾ, ಬಾಳೇಕುಂದ್ರಿ, ಸುಳೇಭಾವಿಯ ಬಯಲು. ಮಳೆ ಕಡಿಮೆ, ನೆಲ ಸಮ. ವಿಮಾನಕ್ಕೆ ಬೇಕಾದದ್ದೂ ಇದೇ, ಒಕ್ಕಲುತನಕ್ಕೆ ಬೇಕಾದದ್ದೂ ಇದೇ. ನಿಲ್ದಾಣ ಬೆಳೆಯುವುದೆಂದರೆ ಯಾರದೋ ಹೊಲ ಕಿರಿದಾಗುವುದು ಎಂಬ ಮಾತು ಇಲ್ಲಿಂದಲೇ ಹುಟ್ಟುತ್ತದೆ.

ಸ್ವಾತಂತ್ರ್ಯದ ನಂತರ ನೆಲೆ ಭಾರತೀಯ ವಾಯುಪಡೆಗೆ ಬಂತು. 1961ರ ಡಿಸೆಂಬರಿನಲ್ಲಿ ಅದು ನಿಜವಾದ ಯುದ್ಧವನ್ನೇ ಕಂಡಿತು. ಗೋವಾ ವಿಮೋಚನೆಯ ಆ ಕಾರ್ಯಾಚರಣೆಯ ವಾಯುದಳವನ್ನು ಪುಣೆ ಮತ್ತು ಸಾಂಬ್ರಾ ನೆಲೆಗಳಿಂದ ನಡೆಸುವ ಹೊಣೆ ಏರ್ ವೈಸ್ ಮಾರ್ಷಲ್ ಎರ್ಲಿಕ್ ಪಿಂಟೊ ಅವರದಾಗಿತ್ತು. ಡಿಸೆಂಬರ್ 18ರ ಬೆಳಿಗ್ಗೆ ಪುಣೆಯಿಂದ ಹೊರಟ 12 ಕ್ಯಾನ್‌ಬೆರಾ ವಿಮಾನಗಳು ದಾಬೋಳಿಯ ರನ್‌ವೇಯನ್ನು ಒಡೆದವು. ಸಾಂಬ್ರಾದಿಂದ ಹಾರಿದ 6 ಹಂಟರ್ ವಿಮಾನಗಳು ಬಾಂಬೋಳಿಯ ನಿಸ್ತಂತು ಕೇಂದ್ರವನ್ನು ಕೆಡವಿದವು. ನೆಲದ ಮೇಲೆ ಸೈನ್ಯದ ಒಂದು ತುಕಡಿ ನಮ್ಮ ಅನಮೋಡ ಘಾಟಿನ ಕಡೆಯಿಂದಲೇ ಇಳಿಯಿತು. ಮರುದಿನ 451 ವರ್ಷಗಳ ಪೋರ್ಚುಗೀಸ್ ಆಳ್ವಿಕೆ ಕೊನೆಗೊಂಡಿತು. ನಾವು ರಜೆಗೆ ಗೋವಾಕ್ಕೆ ಹೋಗುವ ದಾರಿಗೂ ಸಾಂಬ್ರಾಕ್ಕೂ ಇರುವ ಈ ನಂಟು ಇಂದಿನ ಮಕ್ಕಳಿಗೆ ಗೊತ್ತಿರಬೇಕು.

ವಾಯುಪಡೆ ಇಂದಿಗೂ ಅಲ್ಲಿದೆ. ನಿಲ್ದಾಣದ ಪಕ್ಕದ ಏರ್‌ಮೆನ್ ತರಬೇತಿ ಶಾಲೆಗೆ ದೇಶದ ಮೂಲೆಮೂಲೆಯಿಂದ ಹುಡುಗರು ಬರುತ್ತಾರೆ. ಅಗ್ನಿವೀರವಾಯು ಯೋಜನೆಯ ಮೊದಲ ತಂಡಗಳು, ಹುಡುಗಿಯರ ತಂಡವೂ ಸೇರಿ, ತರಬೇತಿ ಮುಗಿಸಿದ್ದು ಇಲ್ಲಿಯೇ.

ನಾಗರಿಕ ವಿಮಾನಗಳ ಕಥೆ ಇಷ್ಟು ನೇರವಾಗಿಲ್ಲ. ರನ್‌ವೇ ಇತ್ತು, ಊರಲ್ಲಿ ಫೌಂಡ್ರಿಗಳಿದ್ದವು, ವೈದ್ಯಕೀಯ ಕಾಲೇಜುಗಳಿದ್ದವು, ಮಿಲಿಟರಿಯ ಓಡಾಟವಿತ್ತು. ಆದರೂ ವಿಮಾನಗಳು ಬರುವುದು, ಕೆಲವು ಕಾಲ ಹಾರುವುದು, ನಿಂತುಬಿಡುವುದು ರೂಢಿಯಾಗಿಬಿಟ್ಟಿತು. ಕಿಂಗ್‌ಫಿಷರ್‌ನ ಚಿಕ್ಕ ವಿಮಾನಗಳು ಬಂದವು, ಹೋದವು. ಇದಕ್ಕೆ ಒಂದು ಕಾರಣ ರನ್‌ವೇಯ ಉದ್ದ. ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 758 ಮೀಟರ್ ಎತ್ತರದಲ್ಲಿದೆ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ. ತೆಳು ಗಾಳಿಯಲ್ಲಿ ರೆಕ್ಕೆಗೆ ಅಷ್ಟೇ ಎತ್ತುವ ಬಲ ಸಿಗಬೇಕಾದರೆ ವಿಮಾನ ಹೆಚ್ಚು ವೇಗ ಪಡೆಯಬೇಕು, ಹೆಚ್ಚು ದೂರ ಓಡಬೇಕು. ಹಳೆಯ 1,830 ಮೀಟರ್ ರನ್‌ವೇ ಎಟಿಆರ್‌ನಂಥ ಪಂಖದ ವಿಮಾನಕ್ಕೆ ಸಾಕು. ಏರ್‌ಬಸ್ 320, ಬೋಯಿಂಗ್ 737ಗಳಿಗೆ ಸಾಲದು.

ರಾಜ್ಯ ಸರಕಾರ 370 ಎಕರೆ ಜಮೀನು ಒದಗಿಸಿದ ಮೇಲೆ ಈ ಕೊರತೆ ನೀಗಿತು. ರನ್‌ವೇಯನ್ನು 2,300 ಮೀಟರ್‌ಗೆ ಬೆಳೆಸಿದರು. 2017ರ ಸೆಪ್ಟೆಂಬರ್ 14ರಂದು ಕೇಂದ್ರ ಸಚಿವ ಅಶೋಕ ಗಜಪತಿ ರಾಜು ಮತ್ತು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಹೊಸ ಟರ್ಮಿನಲ್ ಉದ್ಘಾಟಿಸಿದರು. 3,600 ಚದರ ಮೀಟರ್‌ನ ಕಟ್ಟಡ. ಬರುವವರು ಹೋಗುವವರು ಸೇರಿ ಏಕಕಾಲಕ್ಕೆ 300 ಜನರಿಗೆ ಅನುಕೂಲ.

ಎಲ್ಲ ಆಯಿತು ಅನ್ನುವಷ್ಟರಲ್ಲಿ 2018ರ ಮೇ ತಿಂಗಳಲ್ಲಿ ಸ್ಪೈಸ್‌ಜೆಟ್ ತನ್ನ ಬೆಳಗಾವಿ ವಿಮಾನಗಳನ್ನು ಹುಬ್ಬಳ್ಳಿಗೆ ಒಯ್ದಿತು. ಹೊಸ ಕಟ್ಟಡ, ಉದ್ದದ ರನ್‌ವೇ, ಬರಿದಾದ ವೇಳಾಪಟ್ಟಿ! ಊರಿನಲ್ಲಿ ಸಿಟ್ಟು ಎದ್ದದ್ದು ಸಹಜ. ಹುಬ್ಬಳ್ಳಿಯವರನ್ನು ಬಯ್ದವರೂ ಇದ್ದರು. ಕಾರಣ ಬೇರೆಯೇ ಇತ್ತು. 2017ರಲ್ಲಿ ಆರಂಭವಾದ ‘ಉಡಾನ್’ ಯೋಜನೆಯಲ್ಲಿ ಸುಮಾರು ಅರ್ಧದಷ್ಟು ಸೀಟುಗಳನ್ನು, ಒಂದು ತಾಸಿನ ಹಾರಾಟಕ್ಕೆ 2,500 ರೂಪಾಯಿಯ ಮಿತಿಯಲ್ಲಿ ಮಾರಬೇಕು. ಅದರಿಂದ ಆಗುವ ನಷ್ಟವನ್ನು ಸರಕಾರ ಮೂರು ವರ್ಷ ತುಂಬಿಕೊಡುತ್ತದೆ. ಆದರೆ ಇದು ವಿಮಾನವೇ ಇಲ್ಲದ ಅಥವಾ ಬೆರಳೆಣಿಕೆಯಷ್ಟು ವಿಮಾನಗಳಿರುವ ಊರುಗಳಿಗೆ ಮಾತ್ರ. ಹುಬ್ಬಳ್ಳಿ ಆ ಪಟ್ಟಿಯಲ್ಲಿತ್ತು. ಆಗಲೇ ವಿಮಾನಗಳಿದ್ದ ಬೆಳಗಾವಿ ಇರಲಿಲ್ಲ. ವಿಮಾನ ಇದ್ದದ್ದೇ ಬೆಳಗಾವಿಗೆ ಮುಳುವಾಯಿತು!

ಜನರು, ಉದ್ಯಮಿಗಳು, ಜನಪ್ರತಿನಿಧಿಗಳು ಬೆನ್ನುಹತ್ತಿದರು. ಅಲಯನ್ಸ್ ಏರ್ ಬೆಂಗಳೂರಿಗೆ ಹಾರಾಟ ಶುರುಮಾಡಿತು. 2019ರ ಜನವರಿಯಲ್ಲಿ ಉಡಾನ್‌ನ ಮೂರನೆಯ ಸುತ್ತು ಪ್ರಕಟವಾದಾಗ ಬೆಳಗಾವಿಗೆ ಮಾರ್ಗಗಳ ಸುಗ್ಗಿಯೇ ಬಂತು. ಸ್ಟಾರ್ ಏರ್‌ನ 50 ಸೀಟಿನ ಎಂಬ್ರೇಯರ್ ಜೆಟ್‌ಗಳು ಅಹಮದಾಬಾದ್, ಇಂದೋರ್, ನಾಸಿಕ್, ಜೋಧಪುರಗಳಿಗೆ ಹಾರಿದವು. ಟ್ರೂಜೆಟ್ ಹೈದರಾಬಾದ್, ತಿರುಪತಿ, ಮೈಸೂರುಗಳಿಗೆ ಕರೆದೊಯ್ದಿತು. ಶಹಾಪುರದ ಸೀರೆ ವ್ಯಾಪಾರಿಗೆ ಸೂರತ್ ಮುಂಜಾನೆಯ ಕೆಲಸವಾಯಿತು. ಆದರೆ ಮೂರು ವರ್ಷ ಮುಗಿದ ಕೂಡಲೇ ಲೆಕ್ಕವೂ ಬದಲಾಗುತ್ತದೆ. ಕೆಲವು ಮಾರ್ಗಗಳು ಉಳಿದವು, ಹಲವು ನಿಂತವು. ಟ್ರೂಜೆಟ್ ಕಂಪನಿಯೇ ಹಾರಾಟ ನಿಲ್ಲಿಸಿತು. 2023ರ ಅಕ್ಟೋಬರಿನಲ್ಲಿ ಇಂಡಿಗೊ ದೆಹಲಿಗೆ ನೇರ ವಿಮಾನ ಆರಂಭಿಸಿತು.

ನಾನು ಸಾಫ್ಟ್‌ವೇರ್ ಕೆಲಸದವನು. ಕೋಡ್‌ಗಳ ಮೇಲೆ ಕಣ್ಣು ಬೇಗ ಬೀಳುತ್ತದೆ. ರೈಲ್ವೆಯಲ್ಲಿ ಬೆಳಗಾವಿಯ ಸಂಕೇತ ‘ಬಿಜಿಎಂ’. ವಿಮಾನದ ಟಿಕೆಟ್ಟಿನಲ್ಲಿ ಮಾತ್ರ ‘ಐಎಕ್ಸ್‌ಜಿ’, ಏಕೆಂದರೆ ವಿಮಾನಲೋಕದಲ್ಲಿ ‘ಬಿಜಿಎಂ’ ಅಮೆರಿಕದ ಬಿಂಗ್‌ಹ್ಯಾಮ್‌ಟನ್ ಎಂಬ ಊರಿನದು. ಪೈಲಟ್‌ಗಳು ಬಳಸುವ ಇನ್ನೊಂದು ಸಂಕೇತ ಮೊದಲು ‘ವಿಎಬಿಎಂ’ ಎಂದಿತ್ತು, ಈಗ ‘ವಿಒಬಿಎಂ’. ‘ವಿಎ’ ಪಶ್ಚಿಮ ಭಾರತದ್ದು, ‘ವಿಒ’ ದಕ್ಷಿಣ ಭಾರತದ್ದು. ನಮ್ಮ ಗಡಿಯ ವಾದ ಆಕಾಶದಲ್ಲಂತೂ ಒಂದಕ್ಷರದಲ್ಲಿ ಮುಗಿದಿದೆ! ರನ್‌ವೇಯ ಎರಡು ತುದಿಗಳಲ್ಲಿ ಬರೆದಿರುವ 08 ಮತ್ತು 26 ದಿಕ್ಸೂಚಿಯ 80 ಮತ್ತು 260 ಡಿಗ್ರಿಗಳು, ಅಂದರೆ ಹೆಚ್ಚುಕಡಿಮೆ ಪೂರ್ವ-ಪಶ್ಚಿಮ. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕು. ಆದ್ದರಿಂದ ಮಳೆಗಾಲದ ಪಡುಗಾಳಿಯ ದಿನಗಳಲ್ಲಿ ಅದು ಬಾಳೇಕುಂದ್ರಿಯ ಕಡೆಯಿಂದ ಬಂದು ಊರಿಗೆ ಮುಖಮಾಡಿ ಇಳಿಯುತ್ತದೆ.

ಇನ್ನೂ ದೊಡ್ಡ ಟರ್ಮಿನಲ್‌ಗೆ 2024ರ ಮಾರ್ಚ್ 10ರಂದು ಪ್ರಧಾನಿಯವರು ದೂರದಿಂದಲೇ ಶಂಕುಸ್ಥಾಪನೆ ಮಾಡಿದ್ದಾರೆ. ಅದಕ್ಕೂ ಮೊದಲು, 2023ರ ಡಿಸೆಂಬರಿನಲ್ಲಿ ನಮ್ಮ ಸುವರ್ಣ ವಿಧಾನಸೌಧದಲ್ಲಿ ಸೇರಿದ ವಿಧಾನಸಭೆ ನಿಲ್ದಾಣಕ್ಕೆ ಕಿತ್ತೂರು ರಾಣಿ ಚೆನ್ನಮ್ಮನ ಹೆಸರಿಡಲು ನಿರ್ಣಯಿಸಿತು. ಎರಡೂ ಸಂತೋಷವೇ. ಆದರೂ ನನಗೆ ಅನ್ನಿಸುವುದನ್ನು ಹೇಳುತ್ತೇನೆ. ಕಟ್ಟಡ, ಹೆಸರು, ರನ್‌ವೇ ಇವೆಲ್ಲ ಒಮ್ಮೆ ಬಂದರೆ ನಿಲ್ಲುತ್ತವೆ; ವಿಮಾನ ಹಾಗಲ್ಲ. ಬೆಳಿಗ್ಗೆ ಹೊರಟು ಬೆಂಗಳೂರಿನಲ್ಲಿ ಕೋರ್ಟಿನ ಕೆಲಸವನ್ನೋ ಆಸ್ಪತ್ರೆಯ ಕೆಲಸವನ್ನೋ ಮುಗಿಸಿ ರಾತ್ರಿ ಮನೆಗೆ ಬಂದು ಊಟ ಮಾಡುವಂತಾದರೆ ನಿಲ್ದಾಣ ಊರಿನದಾಯಿತು. 2025ರ ಆಗಸ್ಟ್‌ನಿಂದ ವಂದೇ ಭಾರತ್ ರೈಲು ಓಡುತ್ತಿದೆಯಾದರೂ ಅದರಲ್ಲಿ ಹೋಗುವುದಕ್ಕೇ ಎಂಟು ತಾಸಿಗೂ ಹೆಚ್ಚು ಬೇಕು. ಹೊಲ ಕೊಟ್ಟ ಊರುಗಳ ಋಣ ತೀರುವುದೂ ದಿನಾಲು ತಪ್ಪದೆ ಬರುವ ಆ ವಿಮಾನದಿಂದ, ಮತ್ತು ಅಲ್ಲಿಯ ಮಕ್ಕಳಿಗೆ ಸಿಗುವ ಕೆಲಸದಿಂದ.

ಕೆಲಸವೆಂದಾಗ ನಮ್ಮ ಶಾಲೆಯ ಈಗಿನ ಹತ್ತನೆಯ ತರಗತಿಯವರಿಗೆ ಎರಡು ಮಾತು. ಸಾಂಬ್ರಾದಲ್ಲಿ ಈಗ ಪೈಲಟ್ ತರಬೇತಿಯೂ ನಡೆಯುತ್ತದೆ. ಅದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಬೇಕು. ಹಣವೂ ಬಹಳ ಬೇಕು, ಅದನ್ನು ಮುಚ್ಚಿಡಲಾರೆ. ಹಣ ಬೇಡದ ದಾರಿಗಳೂ ಇವೆ. ಪಿಯುಸಿ ವಿಜ್ಞಾನದ ನಂತರ ಅಗ್ನಿವೀರವಾಯು ಪರೀಕ್ಷೆ ಬರೆಯಬಹುದು. ವಿಮಾನಗಳಿಗೆ ದಾರಿ ಹೇಳುವ ಏರ್ ಟ್ರಾಫಿಕ್ ಕಂಟ್ರೋಲ್ ಹುದ್ದೆಗೆ ಭೌತಶಾಸ್ತ್ರ ಮತ್ತು ಗಣಿತದ ಬಿ.ಎಸ್ಸಿ. ಅಥವಾ ಬಿ.ಇ. ಮುಗಿಸಿದವರನ್ನು ವಿಮಾನ ನಿಲ್ದಾಣ ಪ್ರಾಧಿಕಾರ ಪರೀಕ್ಷೆಯ ಮೂಲಕ ಆರಿಸುತ್ತದೆ. ಮೂರಕ್ಕೂ ಗಣಿತವನ್ನು ಪಿಯುಸಿಯಲ್ಲಿ ಬಿಡದಿರುವುದು ಮೊದಲ ಮೆಟ್ಟಿಲು.