ಬರಿಗಾಲ ರಾಣಿ, ಬೀಡಿ ಬ್ರಾಂಚು, ಬಾರದ ಬಸ್ಸು

ಇವತ್ತು ಒಂದು ಪ್ರಶ್ನೆ ಇಟ್ಟುಕೊಂಡು ಬಂದಿದ್ದೇನೆ. ಕಾರಿಲ್ಲ, ಸ್ಕೂಟರಿಲ್ಲ, ಪೆಟ್ರೋಲ್ ಬಂಕ್ ಇಲ್ಲ, ಚಿಮಿಣಿ ಎಣ್ಣೆ ಕೂಡ ಇನ್ನೂ ಊರಿಗೆ ಬಂದಿಲ್ಲ. ಅಂಥ ಕಾಲದಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಒಬ್ಬ ಹೆಂಗಸಿಗೆ ತನ್ನಿಷ್ಟದಂತೆ ಬದುಕಲು ಎಷ್ಟು ಜಾಗ ಇತ್ತು?

ಸ್ಕೂಟಿ ಬಂದ ಮೇಲೇ ಹೆಣ್ಣುಮಕ್ಕಳಿಗೆ ಸ್ವಾತಂತ್ರ್ಯ ಬಂದದ್ದು ಅಂತ ಕೆಲವರು ಹೇಳ್ತಾರೆ. ಹಿಂದಿನವರೇ ಚಂದ ಇದ್ದರು, ನಡೆದು ನಡೆದು ಗಟ್ಟಿ ಇದ್ದರು ಅಂತ ಇನ್ನು ಕೆಲವರು. ಈ ಎರಡೂ ಮಾತು ನನಗೆ ಒಪ್ಪಿಗೆಯಿಲ್ಲ. ಯಾಕೆ ಅಂತ ಹೇಳ್ತೇನೆ, ಸ್ವಲ್ಪ ಹಿಂದೆ ಹೋಗೋಣ.

1623ರ ಕೊನೆಗೆ ಇಟಲಿಯಿಂದ ಒಬ್ಬ ಪ್ರವಾಸಿ ನಮ್ಮ ಕಡೆ ಬಂದಿದ್ದ. ಹೆಸರು ಪಿಯೆತ್ರೋ ದೆಲ್ಲಾ ವಾಲ್ಲೆ. ಇಕ್ಕೇರಿಯ ವೆಂಕಟಪ್ಪ ನಾಯಕನ ರಾಜಧಾನಿ ನೋಡಿಕೊಂಡು, ಮಂಗಳೂರಿಗೆ ಬಂದು, ಅಲ್ಲಿಂದ ಮಣೇಲಿಗೆ ಹೋದ. ಗುರುಪುರ ಹೊಳೆಯ ಬದಿಯ ಮಣೇಲು, ಇವತ್ತಿನ ಮಂಗಳೂರು-ಮೂಡುಬಿದಿರೆ ರಸ್ತೆಯಿಂದ ಸ್ವಲ್ಪ ಒಳಗೆ. ಅವನಿಗೆ ಉಳ್ಳಾಲದ ರಾಣಿಯನ್ನು ನೋಡಬೇಕಿತ್ತು. ಅರಮನೆ, ಸಿಂಹಾಸನ, ಪಲ್ಲಕ್ಕಿ ಎಲ್ಲ ಇರುತ್ತದೆ ಅಂತ ಅಂದುಕೊಂಡಿರಬೇಕು. ರಾಣಿ ಸಿಕ್ಕಿದ್ದು ಪೇಟೆ ಬೀದಿಯಲ್ಲಿ. ನಡೆದುಕೊಂಡೇ ಬರ್ತಾ ಇದ್ದಳು. ಬರಿಗಾಲು, ಮೈಮೇಲೆ ಹತ್ತಿಬಟ್ಟೆ, ಸುತ್ತ ಒಂದಷ್ಟು ಸೈನಿಕರು, ತಲೆಗೆ ತಾಳೆಗರಿಯ ಕೊಡೆ. ಗದ್ದೆಗೆ ನೀರು ಹಾಯಿಸಲು ತೋಡಿಸುತ್ತಿದ್ದ ಕಾಲುವೆಯ ಕೆಲಸ ನೋಡಿಕೊಳ್ಳುವುದು ಆಕೆಯ ದಿನಚರಿ.

ಆ ಪ್ರವಾಸಿಗೆ ಆಶ್ಚರ್ಯ. ಕಣ್ಣಿಗೆ ಅಡುಗೆಯವಳ ಹಾಗೆ, ಬಟ್ಟೆ ಒಗೆಯುವವಳ ಹಾಗೆ ಕಾಣ್ತಾಳೆ, ಮಾತಾಡಿದರೆ ಮಾತ್ರ ರಾಣಿ ಅಂತ ಗೊತ್ತಾಗ್ತದೆ ಎಂಬ ಅರ್ಥದಲ್ಲಿ ಬರೆದುಕೊಂಡ. ಸ್ವಲ್ಪ ತಾತ್ಸಾರ ಉಂಟು ಅದರಲ್ಲಿ, ಇರಲಿ. ಆಕೆ ಅವನನ್ನೇ ಬೀದಿಯಲ್ಲಿ ನಿಲ್ಲಿಸಿ ಎಲ್ಲಿಂದ ಬಂದೆ, ಯಾವ ಯಾವ ದೇಶ ನೋಡಿದೆ, ಯಾಕೆ ಹೀಗೆ ತಿರುಗ್ತೀಯ ಅಂತ ವಿಚಾರಿಸಿದಳು.

ಈ ರಾಣಿ ಚೌಟ ವಂಶದವಳು. ಪುತ್ತಿಗೆ, ಮೂಡುಬಿದಿರೆ, ಉಳ್ಳಾಲ ಚೌಟರ ನೆಲೆಗಳು. ಆ ವಂಶದಲ್ಲಿ ಅಬ್ಬಕ್ಕ ಎಂಬ ಹೆಸರಿನವರು ಒಬ್ಬರಿಗಿಂತ ಹೆಚ್ಚು. ಮಣೇಲಿನಲ್ಲಿ ಸಿಕ್ಕವಳು ಯಾವ ಅಬ್ಬಕ್ಕ ಎಂದು ಇತಿಹಾಸಕಾರರು ಇನ್ನೂ ಚರ್ಚೆ ಮಾಡ್ತಾರೆ. ನಮಗೆ ಬೇಕಾದದ್ದು ಬೇರೆ ವಿಷಯ. ಈಕೆಗೆ ಗಂಡನಾಗಿದ್ದವನು ಬಂಗ ಅರಸ. ಇಬ್ಬರಿಗೂ ಹೊಂದಿಕೆಯಾಗಲಿಲ್ಲ. ಅವನು ಕೊಟ್ಟ ಆಭರಣಗಳನ್ನು ವಾಪಸು ಕಳುಹಿಸಿ ಸಂಬಂಧ ಕಡಿದುಕೊಂಡಳು ಎಂದು ದೆಲ್ಲಾ ವಾಲ್ಲೆಯೇ ದಾಖಲಿಸಿದ್ದಾನೆ. ಅಷ್ಟು ಸಲೀಸಾಗಿ ಅದು ಹೇಗೆ ಸಾಧ್ಯ ಆಯ್ತು? ಆಕೆ ಗಂಡನ ಮನೆಯಲ್ಲಿ ಇರಲೇ ಇಲ್ಲ. ಇದ್ದದ್ದು ತನ್ನ ತಾಯಿಯ ಕಡೆಯ ರಾಜ್ಯದಲ್ಲಿ. ಬಿಟ್ಟು ಬರಲು ಮನೆಯೇ ಇಲ್ಲ, ಹಾಗಾಗಿ ಹೊರಟು ಹೋಗುವ ಪ್ರಶ್ನೆಯೂ ಇಲ್ಲ.

ಇದೇ ಅಳಿಯಸಂತಾನ ಕಟ್ಟು. ಬಂಟರು, ಬಿಲ್ಲವರು, ಇಲ್ಲಿನ ಜೈನರು, ಹೀಗೆ ತುಳುನಾಡಿನ ಹಲವು ಸಮುದಾಯಗಳಲ್ಲಿ ಕುಟುಂಬ ಸಾಗುವುದು ತಾಯಿಯ ಸಾಲಿನಲ್ಲಿ. ಎಲ್ಲರಲ್ಲೂ ಅಲ್ಲ, ನೆನಪಿರಲಿ. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಕುಟುಂಬದ ಹಿರಿಯಳಿಗೆ ಯಜಮಾಂತಿ ಆಗುವ ಅವಕಾಶವೂ ಇತ್ತು, ಆದರೆ ಹೆಚ್ಚಾಗಿ ಲೆಕ್ಕಪುಸ್ತಕ ಇರುತ್ತಿದ್ದದ್ದು ಸೋದರಮಾವನ ಕೈಯಲ್ಲೇ. ಅಂದರೆ ಇದು ಹೆಂಗಸರ ರಾಜ್ಯ ಅಲ್ಲ, ಮಾರಾಯ್ರೇ. ಒಂದು ವಿಷಯ ಮಾತ್ರ ಗಟ್ಟಿ ಇತ್ತು: ಮದುವೆ ಮುರಿದರೆ ವಾಪಸು ಬರಲು ಒಂದು ಚಾವಡಿ ಇತ್ತು, ಅಲ್ಲಿ ಅವಳು ನೆಂಟಳಲ್ಲ.

ಇದನ್ನು ಅರ್ಥ ಮಾಡಿಕೊಳ್ಳಲು ಕಾನೂನು ಪುಸ್ತಕಕ್ಕಿಂತ ಸಿರಿಯ ಕಥೆ ಒಳ್ಳೆಯದು. ಬೆಳ್ತಂಗಡಿ ತಾಲೂಕಿನ ಉಜಿರೆಯ ಹತ್ತಿರ ಮಾಚಾರು. ಅಲ್ಲಿನ ಗೋಪಾಲ ನಾಯ್ಕರು 1990ರಲ್ಲಿ ಸಿರಿ ಪಾಡ್ದನವನ್ನು ಪೂರ್ತಿ ಹಾಡಿದರು. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ನಮ್ಮವರೇ ಆದ ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ಸೇರಿ ಅದನ್ನು ದಾಖಲಿಸಿದರು. 15,683 ಸಾಲು! 1998ರಲ್ಲಿ ಪುಸ್ತಕವಾಗಿ ಬಂತು. ಒಬ್ಬ ರೈತ ನೆನಪಿನಿಂದ ಹಾಡಿದ್ದು ಅಷ್ಟು.

ಕಥೆ ಇಷ್ಟು. ಸತ್ಯನಾಪುರದ ಅರಮನೆಯಲ್ಲಿ ಅಜ್ಜನ ಮಡಿಲಲ್ಲಿ ಬೆಳೆದ ಸಿರಿಗೆ ಕಾಂತು ಪೂಂಜನ ಜೊತೆ ಮದುವೆ. ಅವನಿಗೆ ಬೇರೆ ಹೆಂಗಸಿನ ಸಹವಾಸ. ಸಿರಿ ತಾಳಿಕೊಂಡು ಕೂರಲಿಲ್ಲ, ವಿಚ್ಛೇದನ ಮಾಡಿಕೊಂಡಳು. ಇಲ್ಲಿಗೆ ಮುಗಿದಿದ್ದರೆ ಅಬ್ಬಕ್ಕನ ಕಥೆಯ ಹಾಗೇ ಆಗುತ್ತಿತ್ತು. ಅಜ್ಜ ತೀರಿಹೋದ ಮೇಲೆ ಸತ್ಯನಾಪುರ ಯಾರದ್ದು ಅಂತ ತಕರಾರು ಬಂತು. ತೀರ್ಮಾನ ಸಿರಿಗೆ ವಿರುದ್ಧವಾಯ್ತು. ಆಗ ಆಕೆ ಎಳೆ ಮಗು ಕುಮಾರನನ್ನು ಎತ್ತಿಕೊಂಡು, ಕೆಲಸದ ದಾರು ಜೊತೆ, ನಡೆಯಲು ಶುರು ಮಾಡಿದಳು. ಹೊಳೆ, ಕಾಡು, ಗುಡ್ಡೆ. ಆ ನಡಿಗೆಯೇ ಪಾಡ್ದನದ ಹೃದಯ. ಇವತ್ತಿಗೂ ಕವತ್ತಾರು, ಹಿರಿಯಡ್ಕ ಮುಂತಾದ ಕಡೆ ಸಿರಿ ಜಾತ್ರೆಯ ರಾತ್ರಿ ನೂರಾರು ಹೆಂಗಸರು ಸಿರಿಯಾಗಿ ಆವೇಶಗೊಳ್ತಾರೆ.

ಎರಡು ನಡಿಗೆಯನ್ನು ಒಟ್ಟಿಗೆ ಇಟ್ಟು ನೋಡಿ. ಅಬ್ಬಕ್ಕ ನಡೆದದ್ದು ತನ್ನ ನೆಲದಲ್ಲಿ, ತನ್ನ ಕಾಲುವೆಯ ಕಡೆಗೆ. ಸಿರಿ ನಡೆದದ್ದು ನೆಲ ಕೈತಪ್ಪಿದ್ದಕ್ಕೆ. ಇಬ್ಬರಿಗೂ ಕಾರಿರಲಿಲ್ಲ. ವ್ಯತ್ಯಾಸ ಕಾಲಿನಲ್ಲಿ ಇರಲಿಲ್ಲ.

ಇನ್ನೂ ಒಂದು ನಡಿಗೆ ಉಂಟು, ಅದನ್ನು ಯಾವ ಪ್ರವಾಸಿಯೂ ಬರೆದುಕೊಳ್ಳಲಿಲ್ಲ. ಭೂಮಿಯೇ ಇಲ್ಲದ, ಧಣಿಗಳ ಮನೆಗೆ ತಲೆತಲಾಂತರದಿಂದ ಕಟ್ಟಿಹಾಕಿದ್ದ ಮೂಲದಾಳುಗಳ ಹೆಂಗಸರು. ಅವರು ಬೆಳಗಾಗುವ ಮೊದಲೇ ಗದ್ದೆಗೆ ನಡೆದರು, ಕತ್ತಲಾದ ಮೇಲೆ ವಾಪಸು ನಡೆದರು. ಹಿಂದಿನವರು ನಡೆದು ಗಟ್ಟಿ ಇದ್ದರು ಎನ್ನುವವರಿಗೆ ಈ ಹೆಂಗಸರು ಯಾಕೋ ನೆನಪಾಗುವುದಿಲ್ಲ.

ಮೂಡುಬಿದಿರೆಗೆ ಹೋದರೆ ಸಾವಿರ ಕಂಬದ ಬಸದಿ ನೋಡಿ ಹಾಗೇ ಬರಬೇಡಿ, ಚೌಟರ ಅರಮನೆಯ ಮರದ ಕಂಬಗಳನ್ನೂ ನೋಡಿ. ಒಂಬತ್ತು ಹೆಂಗಸರು ಸೇರಿ ಆನೆಯಾದ ಕೆತ್ತನೆ, ಐವರು ಸೇರಿ ಕುದುರೆಯಾದ ಕೆತ್ತನೆ ಅಲ್ಲಿವೆ. ಕಲೆ ಅದ್ಭುತ. ಅದನ್ನು ನೋಡುವಾಗೆಲ್ಲ ನನಗೆ, ವಾಹನ ಇಲ್ಲದ ಕಾಲದ ವಾಹನ ಯಾರು ಅಂತ ಬಡಗಿಗೆ ಚೆನ್ನಾಗಿ ಗೊತ್ತಿತ್ತು ಅನ್ನಿಸ್ತದೆ.

ಯಾಕೆಂದರೆ ಮನೆಯ ಕೆಲಸ ಅಂದರೆ ಹೊರುವುದೇ. ನೀರು, ಸೌದೆ, ಸೊಪ್ಪು, ಗೊಬ್ಬರ. ಬಂಟ್ವಾಳದ ಬಿ.ಸಿ. ರೋಡ್ ಹತ್ತಿರ ಸಂಚಯಗಿರಿಯಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ಅಂತ ಇದೆ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಹಳೆಯ ಮನೆಬಳಕೆಯ ಸಾಮಾನುಗಳನ್ನು ಕೂಡಿಹಾಕಿದ್ದಾರೆ. ಅವನ್ನೆಲ್ಲ ಎತ್ತಿ ಇಳಿಸಿದ ಕೈಗಳನ್ನು ನೆನೆಸಿಕೊಂಡು ನೋಡಬೇಕು. ಮಳೆಗಾಲದಲ್ಲಿ ನೇಜಿ ನೆಡುವಾಗ ಬೆನ್ನಿಗೆ ಗೊರಬೆ, ರಾತ್ರಿ ದಾರಿಗೆ ಒಣ ಮಡಲಿನ ಸೂಟೆ, ಮನೆಯೊಳಗೆ ತೆಂಗಿನೆಣ್ಣೆ ಅಥವಾ ಹೊನ್ನೆಣ್ಣೆಯ ದೀಪ. ಭತ್ತ ಕುಟ್ಟುವುದು ಒನಕೆಯಲ್ಲಿ, ಅದು ಪೂರ್ತಿ ಹೆಂಗಸರ ಕೆಲಸ. ಅಕ್ಕಿ ಗಿರಣಿ ಬಂದಾಗ ರಟ್ಟೆಯ ನೋವು ಹೋಯ್ತು, ಒಳ್ಳೆಯದೇ. ಆದರೆ ಬೇರೆಯವರ ಮನೆಯಲ್ಲಿ ಭತ್ತ ಕುಟ್ಟಿ ಒಂದು ಸೇರು ಅಕ್ಕಿ ಸಂಪಾದನೆ ಮಾಡುತ್ತಿದ್ದ ಹೆಂಗಸಿನ ಕೂಲಿಯೂ ಹೋಯ್ತು.

ಎಣ್ಣೆಯಿಲ್ಲದೆ ನೀರು ಮನೆ ಬಾಗಿಲಿಗೆ ಬಂದ ಉದಾಹರಣೆಯೂ ನಮ್ಮಲ್ಲೇ ಉಂಟು. ಬಂಟ್ವಾಳ ತಾಲೂಕಿನ ಮಾಣಿಲ, ಕೇಪು, ಅಡ್ಯನಡ್ಕ ಕಡೆ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗಗಳಿವೆ. ಒಳಗಿನ ಒರತೆ ತಾನಾಗಿಯೇ ಹೊರಗೆ ಹರಿದು ಬರ್ತದೆ. ಪಂಪ್ ಬೇಡ, ಡೀಸೆಲ್ ಬೇಡ. ಕೇಪುವಿನ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಸಿಕ್ಕಿದ್ದು ನಿಮಗೆ ಗೊತ್ತಿರಬಹುದು. ಒಬ್ಬರೇ ಕೊರೆದು, ಐದು ಸುರಂಗ ವ್ಯರ್ಥವಾದ ಮೇಲೆ ನೀರು ಕಂಡವರು. ಆ ನೀರಿನಿಂದ ತೋಟ ಬೆಳೆಯಿತು ಅಂತ ಎಲ್ಲರೂ ಹೇಳ್ತಾರೆ. ಅಂಥ ಒಂದು ಸುರಂಗದಿಂದ ಅಂಗಳಕ್ಕೆ ನೀರು ಬಂದರೆ ಕೊಡ ಹೊತ್ತು ಗುಡ್ಡೆ ಹತ್ತಿ ಇಳಿಯುವ ಎಷ್ಟು ಗಂಟೆ ಉಳೀತದೆ ಅಂತಲೂ ಯಾರಾದರೂ ಲೆಕ್ಕ ಹಾಕಬೇಕು.

ಇನ್ನು ಎಣ್ಣೆ ಬಂದ ಕಾಲ. ಮಂಗಳೂರಿನ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ, ನಮ್ಮ ಅಜ್ಜಂದಿರ ಬಾಯಲ್ಲಿ ಸಿ.ಪಿ.ಸಿ., ಶುರುವಾದದ್ದು 1914ರಲ್ಲಿ. ಹಳ್ಳಿಗೆ ಚಿಮಿಣಿ ಎಣ್ಣೆಯ ಡಬ್ಬಿಯೂ ಬಂತು. 1942ರಲ್ಲಿ ಬರ್ಮಾ ಜಪಾನೀಯರ ಕೈಗೆ ಹೋದಾಗ ಅಲ್ಲಿಂದ ಬರುತ್ತಿದ್ದ ಸೀಮೆಎಣ್ಣೆ ನಿಂತಿತು, ಪೆಟ್ರೋಲಿಗೆ ರೇಷನ್ ಆಯ್ತು. ಮದ್ರಾಸ್ ಪ್ರಾಂತ್ಯದ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಅದರ ಗ್ಯಾಸಿನಲ್ಲಿ ಓಡಿದವು. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕಿತ್ತು ಅನ್ನುವ ಕಥೆಗಳನ್ನು ಹಿರಿಯರಿಂದ ಕೇಳಿರ್ತೀರಿ.

ಇದೇ ಹೊತ್ತಿನಲ್ಲಿ, ಬಸ್ಸು ಬಂದದ್ದಕ್ಕಿಂತ ದೊಡ್ಡ ಬದಲಾವಣೆ ಕಾಗದದ ಮೇಲೆ ಆಯ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಿಂದ ಕುಟುಂಬದ ಆಸ್ತಿ ಕವರು ಕವರಾಗಿ ಪಾಲಾಗಲು ದಾರಿಯಾಯ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ತಾಯಿ ಸಾಲಿನ ಕಟ್ಟು ಇನ್ನಷ್ಟು ಸಡಿಲವಾಯ್ತು. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಭೂಮಿಯ ಒಡೆಯರಾದರು. ಅದು ಆಗಲೇಬೇಕಾಗಿದ್ದ ನ್ಯಾಯ, ನಮ್ಮ ಜಿಲ್ಲೆಯಲ್ಲಿ ಅದು ಚೆನ್ನಾಗಿ ಜಾರಿಯೂ ಆಯ್ತು. ಆದರೆ ಗೇಣಿ ಚೀಟಿ ಯಾರ ಹೆಸರಲ್ಲಿತ್ತೋ ಫಾರಂ 7 ಕೂಡ ಅವರದ್ದೇ ಹೆಸರಲ್ಲಿ. ಅದೇ ಗದ್ದೆಯಲ್ಲಿ ನೇಜಿ ನೆಟ್ಟವಳ ಹೆಸರು ಎಲ್ಲಿ ಬಂತು?

ಅವಳ ಹೆಸರು ಬಂದದ್ದು ಬೇರೆ ಕಡೆ, ಬೀಡಿಯ ಪಾಸ್‌ಬುಕ್ಕಿನಲ್ಲಿ. ಈ ಮೂರು ತಾಲೂಕಿನಲ್ಲಿ ಬೀಡಿ ಕಟ್ಟದ ಹಳ್ಳಿ ಹುಡುಕುವುದು ಕಷ್ಟ. ರಾತ್ರಿ ಎಲೆ ನೆನೆಹಾಕಿ, ಬೆಳಗ್ಗೆ ಕತ್ತರಿಸಿ, ಮನೆಗೆಲಸ ಮುಗಿಸಿ ಜಗಲಿಯಲ್ಲಿ ಕೂತು, ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಹೊಗೆಸೊಪ್ಪು ತುಂಬಿ ಸುತ್ತುವುದು. ಕೂಲಿ ಸಾವಿರಕ್ಕೆ ಇಷ್ಟು ಅಂತ. ಕಟ್ಟಿದ್ದನ್ನು ಬ್ರಾಂಚಿಗೆ ತಲುಪಿಸಬೇಕು, ಹೊಸ ಎಲೆ, ಸೊಪ್ಪು ತರಬೇಕು. ಎರಡೋ ಮೂರೋ ಮೈಲಿ. ಮಳೆಗಾಲದಲ್ಲಿ ತೋಡು ತುಂಬಿದರೆ ಅಡಿಕೆ ಮರದ ಕಾಲುಸಂಕ ದಾಟಬೇಕು, ಕೈಯಲ್ಲಿ ಬೀಡಿಯ ಕಟ್ಟು. ಅದು ನೆನೆದರೆ ಆ ವಾರದ ಕೂಲಿ ಹೋಯ್ತು.

1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂದಾಗ ಮಾಲೀಕರು ಕೋರ್ಟಿಗೆ ಹೋದರು. ಮನೆಯಲ್ಲಿ ಕೂತು ಕಟ್ಟುವವಳೂ ಕಾರ್ಮಿಕಳು ಹೌದಾ ಎನ್ನುವುದು ಆ ಜಗಳದ ಒಂದು ಮುಖ್ಯ ಪ್ರಶ್ನೆ. 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಪ್ರಕರಣ ಇವತ್ತಿಗೂ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಹೆಸರಿನಲ್ಲೇ ಕಾನೂನು ಪುಸ್ತಕಗಳಲ್ಲಿದೆ. ಆಮೇಲೆ ಪಿ.ಎಫ್. ಬಂತು. ಜಗಲಿ ಬಿಟ್ಟು ಹೋಗದ ಹೆಂಗಸು ದೇಶದ ಕಾನೂನಿನ ಕಣ್ಣಿಗೆ ಬಿದ್ದಳು. ಆ ದುಡ್ಡಿನಲ್ಲಿ ಮಕ್ಕಳ ಫೀಸು ಕಟ್ಟಿದವರು, ಕಿವಿಗೆ ಬೆಂಡೋಲೆ ಮಾಡಿಸಿಕೊಂಡವರು, ಗಂಡನಿಗೆ ಎದುರು ಮಾತಾಡಿದವರು ನಿಮ್ಮ ಮನೆಯಲ್ಲೇ ಇರಬಹುದು, ಕೇಳಿ ನೋಡಿ. ಬೆನ್ನು ನೋವು, ಹೊಗೆಸೊಪ್ಪಿನ ಧೂಳಿಗೆ ಕೆಮ್ಮು, ಅದನ್ನೂ ಕೇಳಿ. ಬೀಡಿಯನ್ನು ನಾನು ಹೊಗಳುತ್ತಿಲ್ಲ. ಸೇದುವವರ ಕಥೆ ಏನಾಗ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ತಾಯಿ ಮನೆಯ ಚಾವಡಿ ಹೋದ ಮೇಲೆ ಅವಳ ಕೈಗೆ ಸಿಕ್ಕಿದ್ದು ಅದೊಂದೇ.

ಈಗ ಬೀಡಿ ಕೆಲಸ ಕಡಿಮೆಯಾಗಿದೆ. ಹೊಸ ಹುಡುಗಿಯರು ಜಗಲಿಯಲ್ಲಿ ಕೂರುವುದಿಲ್ಲ, ಕೂರಲೂಬಾರದು. ಅವರಿಗೆ ಕಾಲೇಜು ಮೂಡುಬಿದಿರೆಯಲ್ಲೋ ಉಜಿರೆಯಲ್ಲೋ, ಕೆಲಸ ಮಂಗಳೂರಿನಲ್ಲಿ. ಕಾಲ್ನಡಿಗೆಗೆ ಸಿಗುವ ದೂರ ಅಲ್ಲ. ಹಾಗಾಗಿ ವಾಹನದ ಪ್ರಶ್ನೆ ಈಗ ನಿಜವಾಗಿ ಬಂದಿದೆ, ಅಬ್ಬಕ್ಕನ ಕಾಲದಲ್ಲಿ ಇರಲಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯ್ತು, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ. ಕಲಬುರಗಿಯ, ಮೈಸೂರಿನ ಹೆಂಗಸರು ಊರೂರು ತಿರುಗಿದ ವಿಡಿಯೋ ನಾವೆಲ್ಲ ನೋಡಿದ್ದೇವೆ. ನಮ್ಮ ಜಿಲ್ಲೆಯಲ್ಲಿ ಬಸ್ಸಿನ ದೊಡ್ಡ ಪಾಲು ಖಾಸಗಿಯವರದ್ದು. ಬಿ.ಸಿ. ರೋಡಿನಲ್ಲೋ ಧರ್ಮಸ್ಥಳದ ದಾರಿಯಲ್ಲೋ ಕೆಂಪು ಬಸ್ಸು ಸಿಗ್ತದೆ. ಒಳಗಿನ ಹಳ್ಳಿಗಳಲ್ಲಿ ಹೆಚ್ಚಾಗಿ ಬರುವುದು ಖಾಸಗಿ ಬಸ್ಸು, ಅದಕ್ಕೆ ಟಿಕೆಟ್ ತೆಗೀಲೇಬೇಕು. ಸಂಜೆ ಕೊನೆಯ ಬಸ್ಸು ಹೋದ ಮೇಲೆ ಸ್ಟಾಪಿನಿಂದ ಮನೆಗೆ ಎರಡು ಕಿಲೋಮೀಟರು, ಕೈಯಲ್ಲಿ ಸೂಟೆಯ ಬದಲು ಮೊಬೈಲಿನ ಟಾರ್ಚು. ಆ ಹುಡುಗಿ ನಡೆದು ಹೋಗುವ ಮನೆಯ ಆರ್‌ಟಿಸಿಯಲ್ಲಿ ಯಾರ ಹೆಸರಿದೆ?

ಇದನ್ನು ಕೇಳ್ತಾ ಇರುವ ನಿಮ್ಮ ಮನೆಯ ಪಹಣಿಯನ್ನು ಭೂಮಿ ವೆಬ್‌ಸೈಟಿನಲ್ಲಿ ಈಗಲೇ ತೆಗೆದು ನೋಡಬಹುದು, ಸರ್ವೆ ನಂಬರ್ ಒಂದಿದ್ದರೆ ಸಾಕು. ಏನು ಸಿಕ್ಕಿತು ಅಂತ ನಮಗೆ ವಾಯ್ಸ್ ನೋಟ್ ಕಳುಹಿಸಿ. ಮುಂದಿನ ವಾರ ಸಿಗೋಣ.